ಒಂದೇ ಚೆಂಡಿನ ದಂಪತಿ

ಈ ವರ್ಷದ ಜೋಡಿಯಾಟದಲ್ಲಿ ನನ್ನ ಗಂಡ ವಾಟಿಯ ಜೊತೆಗಾತಿ ನಾನೇ ಹೊರತು ಅವನ ತಂಗಿ ಬೆಥಿಯಾ ಅಲ್ಲ! ಹೀಗೆಂದು ನಾನು ಸಂಜೆಯ ಚಹಾದ ಹೊತ್ತಿಗೆ, ಬೆಣ್ಣೆಯ ಚಾಕುವನ್ನು ಕತ್ತಿಯಂತೆ ಎತ್ತಿ ಹಿಡಿದು, ಯುದ್ಧ ಸಾರುವ ರಾಣಿಯ ಗತ್ತಿನಲ್ಲಿ ಘೋಷಿಸಿದೆ.

ವಾಟಿ ಹೊಗೆಯಾಡಿಸಿದ ಮೀನಿನ ಮುಳ್ಳು ಬಿಡಿಸುತ್ತಿದ್ದ. ಮುಳ್ಳನ್ನು ತಟ್ಟೆಯ ಅಂಚಿಗೆ ಒರಗಿಸಿಟ್ಟು, "ಎಫೀ, ನಿನಗೆ ಗಾಲ್ಫ್ ಎಲ್ಲಿ ಬರುತ್ತೆ?" ಎಂದ.

ಕೇಳುವ ಪ್ರಶ್ನೆಯೇ. ಸ್ಕಾಟ್‌ಲೆಂಡಿನ ಕಡಲ ತಡಿಯ ನಮ್ಮ ಪುಟ್ಟ ಊರಿನಲ್ಲಿ ಗಾಲ್ಫ್ ಆಡದವರೆಂದರೆ ಪಾದ್ರಿಗಳ ಬೆಕ್ಕು ಮತ್ತು ನಾನು, ಅಷ್ಟೇ. ಆದರೆ ಆಡದಿದ್ದವಳಿಗೆ ಆಟ ಗೊತ್ತಿಲ್ಲವೆಂದು ಹೇಳಿದವರು ಯಾರು? ಮದುವೆಯಾದ ದಿನದಿಂದ ವಾಟಿ ತಾನು ಹೊಡೆದ ಪ್ರತಿ ಹೊಡೆತವನ್ನೂ ಮನೆಗೆ ಬಂದು ನನಗೆ ವರ್ಣಿಸಿದ್ದಾನೆ. ನಾನು ಕಾಲುಚೀಲ ಹೆಣೆಯುತ್ತ ಎಲ್ಲವನ್ನೂ ಕೇಳಿದ್ದೇನೆ. ಕೇಳುವ ತಾಳ್ಮೆ ದೇವರು ನನಗೆ ಧಾರಾಳವಾಗಿ ಕೊಟ್ಟಿದ್ದಾನೆ. ಭಾನುವಾರದ ಪ್ರವಚನ ಎಷ್ಟು ಉದ್ದವಾದರೂ ಇಡೀ ಚರ್ಚಿನಲ್ಲಿ ಆಕಳಿಸದವಳು ನಾನೊಬ್ಬಳೇ.

ಕೇಳಿದ್ದನ್ನೆಲ್ಲ ಕೈಗಿಳಿಸಲು ಗುರು ಬೇಕೇ? ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ತಂತಿಯ ಮೇಲೆ ಹಳೆಯ ಜಮಖಾನೆಯನ್ನು ನೇತುಹಾಕಿದೆ. ವಾಟಿ ಮೂಲೆಗೆಸೆದಿದ್ದ ಕೋಲುಗಳನ್ನು ಒರೆಸಿದೆ. ವರ್ಷವಿಡೀ ಹೊಡೆದೆ. ಜಮಖಾನೆಯ ನಟ್ಟನಡುವೆ ಒಂದು ದೊಡ್ಡ ಕೆಂಪು ಗುಲಾಬಿ ಇತ್ತು. ನನ್ನ ಚೆಂಡು ಪ್ರತಿ ಸಲವೂ ಅದರ ಎದೆಗೇ! ಒಳಗಿನಿಂದ ಆ ಸದ್ದು ಕೇಳಿದಾಗಲೆಲ್ಲ ವಾಟಿ, ಧೂಳು ಝಾಡಿಸಿದ್ದು ಸಾಕು, ಜಮಖಾನೆ ಹರಿದುಹೋದೀತು ಎಂದು ಗೊಣಗುತ್ತಿದ್ದ.

ಅಂದು ಅವನನ್ನು ಕೈಹಿಡಿದು ಹಿತ್ತಿಲಿಗೆ ಕರೆದೊಯ್ದು ನನ್ನ ಕೌಶಲವನ್ನು ತೋರಿಸಿದೆ. ಗುಲಾಬಿ ನಡುಗಿತು. ವಾಟಿ ಬಹಳ ಹೊತ್ತು ಕಿವಿ ಕೆರೆದುಕೊಂಡ.

"ನೇರವಾಗೇ ಹೋಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಜಮಖಾನೆ ಪಕ್ಕದಲ್ಲಿ ಸಮುದ್ರ ಇಲ್ಲವಲ್ಲ, ಎಫೀ."

ನಮ್ಮ ಜೋಡಿಯಾಟದ ಕಟ್ಟಳೆ ಏನೆಂದರೆ, ಗಂಡು ಹೆಣ್ಣು ಇಬ್ಬರಿಗೂ ಸೇರಿ ಒಂದೇ ಚೆಂಡು. ಸರದಿಯ ಮೇಲೆ ಅವನೊಂದು ಹೊಡೆತ, ಅವಳೊಂದು ಹೊಡೆತ. ಮೊದಲ ಹೊಡೆತವೂ ಹಾಗೆಯೇ, ಒಂದು ಕುಳಿಗೆ ಅವನದಾದರೆ ಮುಂದಿನ ಕುಳಿಗೆ ಅವಳದು. ಅವನು ಮುಳ್ಳಿನಲ್ಲಿ ಬೀಳಿಸಿದ್ದನ್ನು ಅವಳು ಎತ್ತಬೇಕು, ಅವಳು ಮರಳಲ್ಲಿ ಹೂತದ್ದನ್ನು ಅವನು ಕೆದಕಬೇಕು. ಸಂಸಾರ ಎಂದರೂ ಅದೇ ತಾನೆ! ಹೀಗಿರುವಾಗ ನನ್ನ ಗಂಡ ವರ್ಷವರ್ಷವೂ ತಂಗಿಯ ಜೊತೆ ಸಂಸಾರ ಹೂಡುವುದನ್ನು ನಾನು ಸ್ಯಾಂಡ್‌ವಿಚ್ ಹಂಚುತ್ತ ನೋಡಿಕೊಂಡಿರಬೇಕೇ? ಅದೂ ಬೆಥಿಯಾ ಪ್ರತಿ ಸಲ, "ನಿನ್ನ ಸ್ಯಾಂಡ್‌ವಿಚ್ ಇಲ್ಲದಿದ್ದರೆ ನಾವು ಗೆಲ್ಲುತ್ತಿರಲಿಲ್ಲ, ಎಫೀ" ಎಂದು ಬೆನ್ನು ತಟ್ಟುವಾಗ?

ಕೊನೆಗೆ ಒಪ್ಪಂದವಾಯಿತು. ಕ್ಲಬ್ಬಿನ ಕೋಚ್ ರೋನಾ ನನ್ನನ್ನು ಮೈದಾನಕ್ಕೇ ಕರೆದೊಯ್ದು ಒಂದು ಪಾಠ ಮಾಡಬೇಕು. ಅವಳು ಸರಿ ಎಂದರೆ ಶನಿವಾರ ನಾನು, ಇಲ್ಲವೆಂದರೆ ಬೆಥಿಯಾ. ವಾಟಿ ಕೋಲುಗಳ ಚೀಲ ಹೊತ್ತು ಬರಬಹುದು, ಆದರೆ ತುಟಿ ಬಿಚ್ಚಕೂಡದು. ಈ ಕೊನೆಯ ಷರತ್ತು ನನ್ನದು. ರೋನಾ ಚಿಕ್ಕವಳಿದ್ದಾಗ ಭಾನುವಾರದ ಬೈಬಲ್ ತರಗತಿಯಲ್ಲಿ ನನ್ನ ಕೈಕೆಳಗೆ ಕಲಿತವಳು. ಆದ್ದರಿಂದ ಫಲಿತಾಂಶದ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ.

ನನ್ನ ಕೈಹಿಡಿತ, ಭುಜದ ತಿರುವು, ಮಂಡಿಯ ಬಾಗು, ಎಲ್ಲವನ್ನೂ ನೋಡಿ ರೋನಾ ಬೆರಗಾಗುತ್ತಾಳೆ ಎಂದುಕೊಂಡು ಹೋಗಿದ್ದೆ. ಅವಳು ನನ್ನ ಕೈ ಕಡೆ ಕಣ್ಣೂ ಹಾಯಿಸಲಿಲ್ಲ. ಜೇಬಿನಲ್ಲಿ ಕೈಯಿಟ್ಟುಕೊಂಡು, "ಎಫೀ ಆಂಟಿ, ಈ ಚೆಂಡು ಎಲ್ಲಿ ಹೋಗಿ ಬೀಳಬೇಕು ಅಂತ ನಿಮ್ಮ ಆಸೆ?" ಎಂದು ಕೇಳಿದಳು.

"ಕುಳಿಯಲ್ಲಿ ನೆಟ್ಟ ಬಾವುಟದ ಹತ್ತಿರ. ಮತ್ತೆಲ್ಲಿ?"

"ಆ ಕೋಲಲ್ಲಿ ಹೊಡೆದರೆ ಎಷ್ಟು ದೂರ ಹೋಗುತ್ತೆ?"

ನಾನು ಕೈಯಲ್ಲಿದ್ದ ಕೋಲನ್ನು ತಿರುಗಿಸಿ ನೋಡಿದೆ. ಆಗ ನನಗೆ ಹೊಳೆದದ್ದು ಇಷ್ಟು: ಅಷ್ಟೊಂದು ಚೆಂಡು ಹೊಡೆದಿದ್ದ ನಾನು, ಒಂದೇ ಒಂದು ಚೆಂಡು ನೆಲಕ್ಕೆ ಬೀಳುವುದನ್ನು ಕಣ್ಣಾರೆ ಕಂಡಿರಲಿಲ್ಲ!

"ಜಮಖಾನೆವರೆಗೂ ಹೋಗುತ್ತೆ," ಎಂದೆ.

ಹಿಂದೆ ಚೀಲದೊಳಗಿನ ಕೋಲುಗಳು ಗಲಗಲ ಅಲುಗಿದವು. ಚೀಲ ಹೊತ್ತವನ ಹೊಟ್ಟೆ ಕುಲುಕುತ್ತಿತ್ತು. ಮಾತು ಮಾತ್ರ ಇಲ್ಲ.

ಹೊಡೆದೆ. ಆಹಾ, ಎಂಥ ಹೊಡೆತ! ಚೆಂಡು ಗುಲಾಬಿಗೆ ಹೋದಷ್ಟೇ ನೇರವಾಗಿ ಹೊರಟಿತು. ನಮ್ಮ ಹಿತ್ತಿಲಿಗೆ ಎತ್ತರದ ಕಲ್ಲುಗೋಡೆ ಇದೆ, ಗಾಳಿ ಒಳಗೆ ಬರುವುದಿಲ್ಲ. ಮೈದಾನದಲ್ಲಿ ಸಮುದ್ರದಿಂದ ಎದ್ದುಬಂದ ಗಾಳಿ ಅದನ್ನು ಅರ್ಧದಾರಿಯಲ್ಲಿ ಕೈಹಿಡಿದು, ಬಲಗಡೆಯ ಮುಳ್ಳುಪೊದೆಯೊಳಗೆ ಮರ್ಯಾದೆಯಿಂದ ಕರೆದುಕೊಂಡು ಹೋಯಿತು. ಹುಡುಕಲು ಹೋದವಳು ಚೆಂಡಿಲ್ಲದೆ, ಮೈತುಂಬ ಮುಳ್ಳು ಮತ್ತು ಹಳದಿ ಹೂ ಅಂಟಿಸಿಕೊಂಡು ಈಚೆ ಬಂದೆ. ರೋನಾ ಒಂದು ಚಿಟಿಕೆ ಹುಲ್ಲು ಕಿತ್ತು ಗಾಳಿಗೆ ತೂರಿ, ಅದು ಹಾರಿದ ದಿಕ್ಕನ್ನು ಬೆರಳಲ್ಲಿ ತೋರಿಸಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಎರಡನೆಯ ಕುಳಿಯ ಹತ್ತಿರ ಮರಳಿನ ಗುಂಡಿಗೆ ಬಿದ್ದೆ. ಚೆಂಡು ಬಿತ್ತು ಎನ್ನಬೇಕು, ಅದರ ಹಿಂದೆ ನಾನೂ ಇಳಿದೆ. ನಮ್ಮ ಕಡೆಯ ಗುಂಡಿಗಳು ಬಾವಿಯ ತಮ್ಮಂದಿರು. ಒಳಗಿಂದ ನೋಡಿದರೆ ಎದುರಿಗೆ ಹುಲ್ಲಿನ ಗೋಡೆ, ಮೇಲೆ ತುಂಡು ಆಕಾಶ.

"ಹಿಂದಕ್ಕೆ ಹೊಡೀರಿ, ಆಂಟಿ. ಹಿಂದುಗಡೆ ಅಂಚು ತಗ್ಗಾಗಿದೆ, ಸಲೀಸಾಗಿ ಹೊರಗೆ ಬರುತ್ತೆ," ಎಂದಳು ರೋನಾ ಮೇಲಿಂದ.

ಹಿಂದಕ್ಕೆ? ವಾಟಿಯ ಎದುರಿಗೆ? ಬಾವುಟಕ್ಕೆ ಬೆನ್ನು ಮಾಡಿ? ಎಫೀ ಮುಂದಕ್ಕೇ ಹೊಡೆಯುವವಳು! ಹೊಡೆದೆ. ಚೆಂಡು ಗೋಡೆಗೆ ತಾಗಿ ನನ್ನ ಕಾಲ ಬಳಿ ವಾಪಸ್ಸು ಬಂತು. ಮತ್ತೆ ಹೊಡೆದೆ. ಮರಳು ಮೇಲೆ ಹಾರಿ ವಾಟಿಯ ಬಾಯಿಗೆ ಬಿತ್ತು. ಅವನು ಥೂ ಎಂದ. ಅದು ಮಾತಲ್ಲವೆಂದು ಬಿಟ್ಟುಕೊಟ್ಟೆ. ಮತ್ತೆ, ಮತ್ತೆ. ಕಡೆಗೊಮ್ಮೆ ಬೀಸಿದ ರಭಸಕ್ಕೆ ಕಾಲು ಜಾರಿ ಎರಡೂ ಮಂಡಿಯ ಮೇಲೆ ಕುಸಿದೆ. ಟೋಪಿ ಮೂಗಿನವರೆಗೆ ಇಳಿದಿತ್ತು. ಕೋಲನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಕರ್ತನೇ, ಇದೊಂದು ಸಲ ದಾಟಿಸು ಎಂದು ಬೇಡಿಕೊಂಡೆ.

ಟೋಪಿ ಸರಿಸಿ ನೋಡಿದರೆ, ಗುಂಡಿಯ ಅಂಚಿನಲ್ಲಿ ನಮ್ಮ ಪಾದ್ರಿಗಳು! ಹಿಂದೆ ಚರ್ಚಿನ ಇಬ್ಬರು ಹಿರಿಯರು. ನಮ್ಮ ಹಿಂದೆ ಆಡುತ್ತ ಬರುತ್ತಿದ್ದ ಅವರನ್ನು ರೋನಾ, ನಮ್ಮಿಂದ ತಡವಾಗುತ್ತಿದೆಯೆಂದು, ಮುಂದೆ ಹೋಗಲು ಕರೆದಿದ್ದಳು. ನಮ್ಮ ಚರ್ಚಿನಲ್ಲಿ ಬೆಂಚಿನ ಮೇಲೆ ಕುಳಿತೇ ಪ್ರಾರ್ಥನೆ ಮಾಡುವುದು, ಮಂಡಿಯೂರುವ ಪದ್ಧತಿಯೇ ಇಲ್ಲ. ಪಾದ್ರಿಗಳು ಟೋಪಿ ತೆಗೆದು, ತುಂಬ ಗಂಭೀರವಾಗಿ, "ಎದ್ದೇಳಬೇಡಿ, ಎಫೀ. ನಮ್ಮವರಲ್ಲೂ ಮಂಡಿಯೂರುವವರು ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ," ಎಂದು ಹೇಳಿ ದಾಟಿಹೋದರು.

ಆಮೇಲೆ ನಾನು ಹಿಂದಕ್ಕೆ ಹೊಡೆದೆ. ಚೆಂಡು ಒಂದೇ ಏಟಿಗೆ ಹೊರಗೆ ಬಂತು.

ಅಲ್ಲಿಂದ ಮುಂದೆ ರೋನಾ ಏನು ಹೇಳಿದರೂ ಸುಮ್ಮನೆ ಕೇಳಿಸಿಕೊಂಡೆ. ಹೇಳಿದೆನಲ್ಲ, ಕೇಳುವುದು ನನಗೆ ಬರುತ್ತದೆ, ಅಂದು ಅದನ್ನು ಮನೆಯಲ್ಲಿಟ್ಟು ಬಂದಿದ್ದೆ ಅಷ್ಟೇ. ಪ್ರತಿ ಹೊಡೆತಕ್ಕೂ ಮೊದಲು ಎಲ್ಲಿಗೆ, ಯಾಕೆ, ತಪ್ಪಿದರೆ ಎಲ್ಲಿ ಬಿದ್ದರೆ ನಷ್ಟ ಕಡಿಮೆ ಎಂದು ಕೇಳುತ್ತಿದ್ದಳು. ನಾನು ಚಿಕ್ಕ ಕೋಲು ತೆಗೆದುಕೊಂಡು, ಗಾಳಿಗೆ ಜಾಗ ಬಿಟ್ಟು, ಹತ್ತಿರ ಹತ್ತಿರಕ್ಕೆ ಹೊಡೆಯತೊಡಗಿದೆ. ಚೆಂಡು ಬೀಳುವುದನ್ನು ನೋಡುವುದೇ ಒಂದು ಹಬ್ಬ!

ಕೊನೆಯ ಮೂರು ಕುಳಿ ಉಳಿದಾಗ ರೋನಾ ನಮ್ಮಿಬ್ಬರ ನಡುವೆ ಒಂದು ಚೆಂಡು ಇಟ್ಟಳು.

"ಇನ್ನು ಶನಿವಾರದ ಹಾಗೇ ಆಡಿ. ಮೊದಲು ವಾಟಿ ಅಂಕಲ್."

ವಾಟಿ ಎದೆಯುಬ್ಬಿಸಿ ಹೊಡೆದ. ಚೆಂಡು ಆಕಾಶಕ್ಕೆ ಹೋಗಿ ಯಾವುದೋ ಲೋಕದಲ್ಲಿ ಇಳಿಯಿತು. ಹೋಗಿ ನೋಡಿದರೆ ಕುರಿಗಳನ್ನು ತಡೆಯಲು ಕಟ್ಟಿದ ಕಲ್ಲುಗೋಡೆಗೆ ಅಂಟಿಕೊಂಡು ಕೂತಿದೆ, ಅಲ್ಲಿಂದ ಹೊಡೆಯಬೇಕಾದವಳು ನಾನು.

"ಅಂಕಲ್, ಆಂಟಿಗೆ ಎಲ್ಲಿ ಅನುಕೂಲ ಅಂತ ಯೋಚಿಸಿದ್ರಾ?" ಎಂದು ರೋನಾ ಕೇಳಿದಳು.

ವಾಟಿ ನನ್ನ ಮುಖ ನೋಡಿದ. ಈ ಪ್ರಶ್ನೆ ಬದುಕಿನಲ್ಲಿ ಮೊದಲ ಸಲ ಕೇಳಿಸಿಕೊಂಡವನಂತಿದ್ದ. ನನಗಾದ ಆನಂದವನ್ನು ಬಣ್ಣಿಸಲಾರೆ. ಆ ಕುಳಿಯನ್ನು ಕಳೆದುಕೊಂಡಂತೆಯೇ ಆಯಿತು, ಆದರೂ ಅದು ನನ್ನ ಮಟ್ಟಿಗೆ ಗೆಲುವೇ.

ಮುಂದಿನದಕ್ಕೆ ಮೊದಲ ಹೊಡೆತ ನನ್ನದು. ಸಣ್ಣದಾಗಿ, ಚೊಕ್ಕವಾಗಿ, ವಾಟಿಗೆ ಇಷ್ಟವಾದ ಸಮನೆಲಕ್ಕೆ ಇಟ್ಟುಕೊಟ್ಟೆ. ಅವನೂ ನನಗೆ ಇಟ್ಟುಕೊಟ್ಟ. ಹೀಗೆ ಕೊಡುತ್ತ ಕೊಳ್ಳುತ್ತ ಹೋಗಿ ಕೊನೆಗೆ ಚೆಂಡನ್ನು ಕುಳಿಗಿಳಿಸಿದವಳು ನಾನು! ವಾಟಿ ನನ್ನ ಭುಜ ಹಿಡಿದು ಅಲುಗಿಸಿದ. ಬೆಥಿಯಾ ಈಗ ಸ್ಯಾಂಡ್‌ವಿಚ್ ಮಾಡಲು ಕಲಿಯಬೇಕಾಗುತ್ತದಲ್ಲ ಎಂದು ಮನಸ್ಸಿನಲ್ಲೇ ಕನಿಕರಪಟ್ಟೆ.

ಕೊನೆಯ ಕುಳಿ ಕ್ಲಬ್ಬಿನ ಕಿಟಕಿಗಳ ಎದುರಿಗೇ ಇದೆ. ಮಾಮೂಲಿ ಆಟದಲ್ಲಿ ಹಿಂದಿನ ಕುಳಿ ಗೆದ್ದವರೇ ಮುಂದಿನದಕ್ಕೆ ಮೊದಲು ಹೊಡೆಯುವುದು, ಅದೊಂದು ಗೌರವ. ಗೆದ್ದ ಗತ್ತಿನಲ್ಲಿ ನಡೆದು ಹೋಗಿ ಚೆಂಡು ಇಟ್ಟು ಹೊಡೆದೆ. ಕುಳಿಗೆ ಹೋಗುವ ಹುಲ್ಲುದಾರಿಯ ನಟ್ಟನಡುವೆ ಬಿತ್ತು. ವಾಟಿ ಬಾಯಿ ತೆರೆದ, ಕೈಯೆತ್ತಿ ತಡೆದೆ. ಹುಲ್ಲು ತೂರಿ ಗಾಳಿ ನೋಡಿದೆ, ಅಡ್ಡ ಹರಿಯುವ ಹೊಳೆಯ ಈಚೆಗೆ ನಿಲ್ಲಿಸಿದೆ. ಹೊಳೆ ದಾಟಿಸಿ ಕುಳಿಯ ಸುತ್ತಣ ನುಣುಪು ಹುಲ್ಲಿನ ಮೇಲೆ ಇಳಿಸಿದೆ. ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡವು. ಪಾದ್ರಿಗಳು ಚಹಾದ ಬಟ್ಟಲು ಹಿಡಿದು ಹೊರಗೇ ಬಂದು ನಿಂತರು. ಕುಳಿ ಇನ್ನೂ ಸಾಕಷ್ಟು ದೂರವಿತ್ತು, ಇಳಿಜಾರು ಬೇರೆ. ಉಸಿರು ಹಿಡಿದು ತಳ್ಳಿದೆ. ಚೆಂಡು ಬಳುಕುತ್ತ ಹೋಗಿ, ಅಂಚಿನಲ್ಲಿ ಒಂದು ಕ್ಷಣ ಯೋಚಿಸಿ, ಒಳಗೆ ಬಿತ್ತು!

ಚಪ್ಪಾಳೆ! ನಿಜವಾದ ಚಪ್ಪಾಳೆ, ನನಗೆ!

ತಿರುಗಿದರೆ ವಾಟಿ ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ತನ್ನ ಕೋಲು ಹಿಡಿದು ನಿಂತಿದ್ದ. ಆ ಕೋಲು ಕಂಡೊಡನೆ ನೆನಪಾಯಿತು. ನುಣುಪು ಹುಲ್ಲಿಗೆ ಇಳಿಸಿದವಳು ನಾನು. ಹಾಗಾದರೆ ಕುಳಿಗೆ ತಳ್ಳಬೇಕಾದವನು ಅವನು! ಯಾರೂ ಗಮನಿಸಿದಂತಿರಲಿಲ್ಲ. ಆದರೆ ನಮ್ಮ ಆಟದಲ್ಲಿ ತನ್ನ ತಪ್ಪನ್ನು ತಾನೇ ಹೇಳಬೇಕು, ಅದಕ್ಕೆ ಬೇರೆ ತೀರ್ಪುಗಾರರಿಲ್ಲ. ನನ್ನ ಶನಿವಾರ ಹೋದರೆ ಹೋಯಿತು. ತಲೆಯೆತ್ತಿ, ಪಾದ್ರಿಗಳಿಗೂ ಕೇಳುವಂತೆ ಹೇಳಿದೆ.

"ರೋನಾ, ಆ ಕೊನೆ ಹೊಡೆತ ವಾಟಿದು. ನಾನು ಸರದಿ ತಪ್ಪಿ ಆಡಿಬಿಟ್ಟೆ."

ಪಾದ್ರಿಗಳು ಮೆಚ್ಚಿ ತಲೆದೂಗಿದರು. ಸತ್ಯ ನುಡಿದವಳ ಹೆಮ್ಮೆಯಲ್ಲಿ ನಾನು ಗಾಳಿಗೂ ಜಗ್ಗದೆ ನಿಂತಿದ್ದೆ.

ರೋನಾ ಕೇಳಿದಳು: "ವಾಟಿ ಅಂಕಲ್, ಈ ಕುಳಿಗೆ ನೀವು ಹೊಡೆದಿದ್ದು ಯಾವುದು?"

ವಾಟಿ ನನ್ನ ಅಪ್ಪಣೆಗಾಗಿ ನನ್ನತ್ತ ನೋಡಿದ. ನಾನು ತಲೆಯಾಡಿಸಿದೆ.

"ನಾನು ಬಾವುಟ ಹಿಡ್ಕೊಂಡಿದ್ದೆ," ಎಂದ.

ಮೊದಲ ಹೊಡೆತದಿಂದ ಕೊನೆಯದರವರೆಗೆ ಒಂದೊಂದಾಗಿ ನೆನೆಸಿಕೊಂಡೆ. ಎಲ್ಲವೂ ನನ್ನವೇ! ಪಾದ್ರಿಗಳು ತಮ್ಮ ಬಟ್ಟಲಿನೊಳಗೆ ಏನನ್ನೋ ಬಹಳ ಆಸಕ್ತಿಯಿಂದ ಹುಡುಕತೊಡಗಿದರು.

"ಆಂಟಿಗೆ ಆಟ ಬಂದಿದೆ, ನನ್ನದೇನೂ ತಕರಾರಿಲ್ಲ," ಎಂದಳು ರೋನಾ. "ಆದ್ರೆ ಶನಿವಾರದ್ದು ಜೋಡಿಯಾಟ. ಬೆಥಿಯಾ ಹೆಸರು ಬರೀಲಾ, ಎಫೀ ಆಂಟಿದಾ? ಅಂಕಲ್ ನೀವೇ ಹೇಳಿ."

ವಾಟಿ ಬಾವುಟವನ್ನು ಕುಳಿಯಲ್ಲಿ ಮತ್ತೆ ನೆಟ್ಟು, ಚೀಲವನ್ನು ಹೆಗಲಿಗೇರಿಸಿದ.

"ಎಫೀದೇ ಬರ್ಕೊಳ್ಳಮ್ಮ. ನಾನೂ ಬರ್ತೀನಿ. ಮಧ್ಯೆ ಮಧ್ಯೆ ನನಗೂ ಒಂದೆರಡು ಹೊಡೆಯೋಕೆ ಬಿಟ್ರೆ ಸಾಕು."