ಲೋಕಯ್ಯ ಕಾರು ತಗ್ಗಿಸಿದ್ದು

ಹಾರಿಸ್ ಒಳ್ಳೆಯ ಕೆಲಸಗಾರನಾಗಿದ್ದದ್ದೇ ಲೋಕಯ್ಯನ ಗ್ರಹಚಾರಕ್ಕೆ ಮೂಲ. ಮೂಡುಬಿದಿರೆಯ ತನ್ನ ಅಂಗಡಿಯಲ್ಲಿ ಆತ ಲೋಕಯ್ಯನ ಹಳೇ ಕಾರಿಗೆ ಎಷ್ಟು ಚೊಕ್ಕವಾಗಿ ವೀಲ್ ಅಲೈನ್‌ಮೆಂಟ್ ಮಾಡಿಕೊಟ್ಟನೆಂದರೆ, ಸ್ಟಿಯರಿಂಗ್ ಬಿಟ್ಟರೂ ಕಾರು ನೆಟ್ಟಗೆ ಓಡುತ್ತಿತ್ತು. ಇನ್ನು ಆರು ತಿಂಗಳು ಬರುವುದೇ ಬೇಡ ಎಂದು ಹಾರಿಸ್ ಹೆಮ್ಮೆಯಿಂದ ಕೈ ಒರೆಸಿಕೊಂಡ. ಲೋಕಯ್ಯನ ಮುಖ ಬಾಡಿತು.

ಲೋಕಯ್ಯ ಬೆಳ್ತಂಗಡಿಯ ಒಂದು ಸಹಕಾರಿ ಸಂಘದ ಗುಮಾಸ್ತ, ಐವತ್ತು ದಾಟಿದ ಬ್ರಹ್ಮಚಾರಿ. ಸಂಘದಲ್ಲಿ ಅವನನ್ನು ಮಾತಾಡಿಸುವವರಿಗೆಲ್ಲ ಅವನಿಂದ ಏನಾದರೊಂದು ಆಗಬೇಕಿರುತ್ತಿತ್ತು. ಸಂಜೆ ಬಾಡಿಗೆ ಮನೆಯ ಬೀಗ ತೆಗೆದರೆ, ಮರುದಿನ ಮತ್ತೆ ಬೀಗ ಹಾಕುವವರೆಗೆ ಅವನ ದನಿ ಅವನಿಗೇ ಕೇಳಿಸುತ್ತಿರಲಿಲ್ಲ. ಹಾರಿಸನ ಅಂಗಡಿಯಲ್ಲಿ ಹಾಗಲ್ಲ. ಕಾರು ರ‍್ಯಾಂಪ್ ಹತ್ತಿತೆಂದರೆ ಕಾರಿನವನು ಹೊರಗಿನ ಬೆಂಚಿನಲ್ಲಿ ಕೂರಬೇಕು. ಪಿಕಪ್ ಓಡಿಸುವ ಮಹಮ್ಮದ್ ಕುಂಞಿ ಅಲ್ಲಿ ಸದಾ ಇರುತ್ತಾರೆ. ಪಕ್ಕದ ಹೋಟೆಲಿನಿಂದ ಚಹಾ, ಗೋಳಿಬಜೆ ಬರುತ್ತದೆ. ಊಟ ಆಯಿತಾ ಎಂದು ಯಾರಾದರೊಬ್ಬರು ಕೇಳುತ್ತಾರೆ. ಅಷ್ಟಕ್ಕಾಗಿ, ಅಲೈನ್‌ಮೆಂಟ್ ಬೇಗ ತಪ್ಪಲೆಂದು, ಲೋಕಯ್ಯ ಗುಂಡಿ ಹುಡುಕಿ ಹುಡುಕಿ ಕಾರು ಇಳಿಸಿದ್ದೂ ಉಂಟು. ಸುಮ್ಮನೆ ಹೋಗಿ ಕೂರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕರೆಯದೆ ಹೋಗಿ ಕೂರುವಷ್ಟು ಧೈರ್ಯವಿದ್ದಿದ್ದರೆ ಅವನು ಯಾಕೆ ಒಂಟಿಯಾಗಿರುತ್ತಿದ್ದ?

ಅವತ್ತು ಹಾರಿಸ್ ಮಾತಿನ ನಡುವೆ ಇನ್ನೊಂದು ಹೇಳಿದ್ದ. ಈಗಿನ ಹುಡುಗರು ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುತ್ತಾರೆ, ಆಗ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಟಯರಿನ ಒಳಬದಿ ಮಾತ್ರ ಸವೆಯುತ್ತದೆ, ಅಂಥವರಿಗೆ ತಿಂಗಳು ತಿಂಗಳೂ ಅಲೈನ್‌ಮೆಂಟ್ ತಪ್ಪಿದ್ದಲ್ಲ ಎಂದು. ಅವನು ಹೇಳಿದ್ದು ಎಚ್ಚರಿಕೆಗೆ. ಲೋಕಯ್ಯನಿಗೆ ಅದು ಔತಣದ ಕರೆಯಂತೆ ಕೇಳಿಸಿತು.

ಮುಂದಿನ ಎರಡನೇ ಶನಿವಾರ ಬೆಳಿಗ್ಗೆಯೇ ಅವನು ಬಿ.ಸಿ. ರೋಡಿನ ಜಿತೇಶನ ಗ್ಯಾರೇಜಿನಲ್ಲಿದ್ದ. ಕಾರು ತಗ್ಗಿಸುವುದರಲ್ಲಿ ಜಿತೇಶ್ ಕಾಲೇಜು ಹುಡುಗರ ನಡುವೆ ಹೆಸರು ಮಾಡಿದವನು.

"ಮಗನ ಕಾರಾ ಅಂಕಲ್?"

"ಅಲ್ಲ, ನನ್ನದೇ."

ಜಿತೇಶ್ ಒಮ್ಮೆ ಅವನ ನರೆಗೂದಲು ನೋಡಿದ, ಒಮ್ಮೆ ಕಾರು ನೋಡಿದ. ಮತ್ತೇನೂ ಕೇಳದೆ ಕಟರ್ ಎತ್ತಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಕಾರು ಬೆದರಿದ ಆಮೆಯ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು. ಸ್ಟಿಯರಿಂಗ್ ಎಡಕ್ಕೆ ಎಳೆಯತೊಡಗಿದಾಗ ಲೋಕಯ್ಯನಿಗೆ ನಿಜಕ್ಕೂ ಸಂತೋಷವಾಯಿತು. ಸಿದ್ಧಕಟ್ಟೆಯಲ್ಲಿ ಸಂಘದ ಸಹೋದ್ಯೋಗಿ ಶೀನಪ್ಪ ಕೈ ಅಡ್ಡ ಹಿಡಿದು, ಹೇಳದೆ ಕೇಳದೆ ಹತ್ತಿ ಕೂತ. ಟಯರು ಮಡ್‌ಗಾರ್ಡಿಗೆ ಉಜ್ಜಿ ಕಿರುಚಿತು. ಮುಂದಿನ ರೋಡ್ ಹಂಪಿನ ಮೇಲೆ ಕಾರು ಹೊಟ್ಟೆ ಊರಿ ನಿಂತೇಬಿಟ್ಟಿತು. ಅಂಗಡಿ ಜಗಲಿಯಲ್ಲಿದ್ದವರೆಲ್ಲ ಬಂದು ಒಬ್ಬೊಬ್ಬರು ಒಂದೊಂದು ಉಪಾಯ ಹೇಳಿ, ಕೊನೆಗೆ ಶೀನಪ್ಪ ಇಳಿಯುವುದೇ ಸರಿ ಎಂದು ತೀರ್ಮಾನಿಸಿದರು. ಇಳಿದ ಶೀನಪ್ಪ ಕಾರಿಗೊಂದು ಸುತ್ತು ಬಂದ.

"ಈ ಪ್ರಾಯದಲ್ಲಿ ಇದೆಲ್ಲ ಯಾಕೆ ಮಾರಾಯ? ಹೆಣ್ಣು ನೋಡ್ಲಿಕ್ಕೆ ಹೊರಟದ್ದಾ?"

ಲೋಕಯ್ಯ ಅವನನ್ನು ಅಲ್ಲೇ ಬಿಟ್ಟು ಮುಂದೆ ಹೊರಟ. ಮೂಡುಬಿದಿರೆ ಮುಟ್ಟುವಷ್ಟರಲ್ಲಿ ಶೀನಪ್ಪನ ಮಾತು ನಂಬಿ ಸಂಘದ ಇಬ್ಬರು ಫೋನ್ ಮಾಡಿ ಮದುವೆಗೆ ಶುಭಾಶಯ ಹೇಳಿದರು. ಸುಳ್ಳು ಮದುವೆಯಾದರೂ ಅವನು ಇಬ್ಬರಿಗೂ ಥ್ಯಾಂಕ್ಸ್ ಹೇಳಿದ, ಇನ್ನಷ್ಟು ಮಾತಾಡುತ್ತಾರೇನೋ ಎಂದು ಕಾದ. ಇಬ್ಬರೂ ಬೇಗನೆ ಇಟ್ಟುಬಿಟ್ಟರು.

ಹಾರಿಸನ ಅಂಗಡಿಯಲ್ಲಿ ಬೆಂಚಿನವರೆಲ್ಲ ಕಾರು ನೋಡಲು ಎದ್ದು ಬಂದರು. ಕಾರು ರ‍್ಯಾಂಪಿನತ್ತ ಹೊರಟಿತು. ಚಕ್ರ ತಾಗುವ ಮೊದಲೇ ಬಂಪರ್ ತಾಗಿತು. ಹಲಗೆ ಇಟ್ಟರು, ಹಿಂದಿನಿಂದ ದೂಡಿದರು, ಮಹಮ್ಮದ್ ಕುಂಞಿ ಲುಂಗಿ ಎತ್ತಿ ಕಟ್ಟಿ ಬಂಪರಿಗೇ ಕೈ ಹಾಕಿ ಎತ್ತಿದರು. ತನಗಾಗಿ ಇಷ್ಟು ಜನ ಬೆವರು ಸುರಿಸಿದ್ದನ್ನು ಲೋಕಯ್ಯ ಈ ಜನ್ಮದಲ್ಲಿ ಕಂಡಿರಲಿಲ್ಲ. ಕಾರು ಇನ್ನೂ ಸ್ವಲ್ಪ ಹೊತ್ತು ಹಟ ಹಿಡಿಯಲಿ ಎಂದು ಅವನಿಗೆ ಅನಿಸಿತು.

ಹಾರಿಸ್ ಸೊಂಟ ನೆಟ್ಟಗೆ ಮಾಡಿಕೊಂಡು ನಿಂತ. "ಆಗುದಿಲ್ಲ ಲೋಕಯ್ಯಣ್ಣ. ತಗ್ಗಿಸಿದ ಗಾಡಿ ನಮ್ಮ ರ‍್ಯಾಂಪ್ ಹತ್ತುದಿಲ್ಲ. ಮಂಗಳೂರಿನಲ್ಲಿ ನೆಲಕ್ಕೆ ಸಮ ಇರುವ ರ‍್ಯಾಂಪ್ ಉಂಟು. ಈಗಲೇ ಹೊರಡಿ, ಇಲ್ಲದಿದ್ರೆ ಟಯರು ಹೋಗ್ತದೆ."

ಹಿಂದಿನಿಂದ ಒಂದು ಜೀಪು ಹಾರ್ನ್ ಹಾಕಿತು. ಲೋಕಯ್ಯ ಕಾರನ್ನು ಬದಿಗೆ ತೆಗೆದ. ಜೀಪು ಸಲೀಸಾಗಿ ರ‍್ಯಾಂಪ್ ಹತ್ತಿತು, ಜೀಪಿನವನು ಬೆಂಚಿನಲ್ಲಿ ಕೂತ. ಊಟ ಆಯಿತಾ ಎಂದು ಮಹಮ್ಮದ್ ಕುಂಞಿ ಅವನನ್ನು ಕೇಳುತ್ತಿದ್ದದ್ದು ಲೋಕಯ್ಯನಿಗೆ ಕೇಳಿಸಿತು. ಲೋಕಯ್ಯನಿಗೆ ಇನ್ನೂ ಊಟವಾಗಿರಲಿಲ್ಲ.

ಮಂಗಳೂರಿನ ಅಂಗಡಿ ದೊಡ್ಡದು. ಕೀ ಇಸಕೊಂಡು ಅವನನ್ನು ಗಾಜಿನ ಕೋಣೆಯೊಂದಕ್ಕೆ ಕಳಿಸಿದರು. ತಣ್ಣಗಿನ ಕೋಣೆ, ಸಾಲು ಕುರ್ಚಿ, ಒಂದರಲ್ಲೂ ಜನ ಇಲ್ಲ. ಗೋಡೆಯ ಟಿ.ವಿ.ಯಲ್ಲಿ ಯಾರೋ ಸದ್ದಿಲ್ಲದೆ ನಗುತ್ತಿದ್ದರು. ಲೋಕಯ್ಯ ಎರಡು ಸಲ ಕುರ್ಚಿ ಬದಲಾಯಿಸಿದ. ವಾಹನ ತಯಾರಾಗಿದೆ ಎಂದು ಕೊನೆಗೆ ಮೊಬೈಲಿಗೆ ಮೆಸೇಜು ಬಂತು.

ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೀ ಮುಂದಿಟ್ಟಳು. "ತಗ್ಗಿಸಿದ ಗಾಡಿ ಅಲ್ವಾ ಸರ್, ಇನ್ನು ತಿಂಗಳಿಗೊಮ್ಮೆ ಇಲ್ಲಿಗೆ ತರ್ಬೇಕಾಗ್ತದೆ. ನೀವು ಕೂರ್ಬೇಕಂತ ಏನಿಲ್ಲ, ಕೀ ಕೊಟ್ಟು ಹೋದ್ರೆ ಆಯ್ತು."