ಜೇಬಿನ ಚಾಕು, ಅದರ ಕೊಕ್ಕೆ

ಜೇಬಿನಲ್ಲಿ ಚಾಕು ಇಟ್ಟುಕೊಂಡು ಓಡಾಡುವವನಿಗೆ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ಬೆಳಿಗ್ಗೆ ಸಿಕ್ಕವರು "ನಿನಗ್ಯಾಕೋ ಈ ಪುಂಡರ ಸಾಮಾನು?" ಅಂತಾರೆ. ಅವರೇ ಸಂಜೆ ಬಂದು "ಎಲ್ಲೋ ನಿನ್ನ ಚಾಕು, ಒಸಿ ಕೊಡು ಮಾರಾಯ" ಅಂತ ಕೈ ಚಾಚ್ತಾರೆ.

ನಮ್ಮ ಸೀಮೆಯ ನ್ಯಾಯವೇ ಹಾಗೆ. ಸೊಂಟಕ್ಕೆ ಮೊಳದುದ್ದದ ಕತ್ತಿ ಸಿಕ್ಕಿಸಿಕೊಂಡು ಹೋಗಿ, "ಪಾಪ, ತೋಟದ ಕೆಲಸಕ್ಕೆ ಹೊಂಟವ್ನೆ" ಅಂತ ದಾರಿ ಬಿಡ್ತಾರೆ. ಬೆರಳುದ್ದದ ಚಾಕು ಮಡಚಿ ಜೇಬಲ್ಲಿಟ್ಟುಕೊಳ್ಳಿ, "ಹುಷಾರು ಕಣ್ರೀ, ಅವನು ಚೂರಿ ಇಡೋನು" ಅಂತ ಮಕ್ಕಳನ್ನು ಒಳಗೆ ಕರ್ಕೋತಾರೆ.

ನಾನು ಸಕಲೇಶಪುರದಿಂದ ಹೆತ್ತೂರಿಗೆ ಹೋಗುವ ಲೈನ್ ಬಸ್ಸಿನ ಕಂಡಕ್ಟರು. ಹಿಂದಿನ ಏಣಿಯನ್ನು ಒಂದೇ ಕೈಲಿ ಹಿಡಿದು, ತಿರುವಿನಲ್ಲಿ ತೂಗಾಡುತ್ತಲೇ ಬೀಡಿ ಹಚ್ಚುವ ಗಂಡು ಈ ರಸ್ತೆಯಲ್ಲಿ ನನ್ನ ಬಿಟ್ಟರೆ ಇನ್ನೊಬ್ಬ ಇದ್ದರೆ ಕರೆದುಕೊಂಡು ಬನ್ನಿ, ನೋಡೋಣ. ಇಂಥ ನನಗೆ ಹೆತ್ತೂರಿನ ಈಚೆಯ ಹಳ್ಳಿಯೊಂದರ ಗೌಡರ ಮಗಳನ್ನು ತರಬೇಕು ಅಂತ ಅವ್ವ ಮಾತೆತ್ತಿದ್ದಳು. ಆ ಹುಡುಗಿ ಒಮ್ಮೆ ನಮ್ಮ ಬಸ್ಸಿನಿಂದ ಇಳಿದವಳು ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದ್ದಳು. ಅಷ್ಟೇ. ಅವತ್ತಿನಿಂದ ನನಗೆ ಬೇರೆ ಹೆಣ್ಣೇ ಕಣ್ಣಿಗೆ ಬೀಳಲಿಲ್ಲ. ಅವಳಿಗೂ ನನಗೂ ನಡುವೆ ಅಡ್ಡ ಬಂದಿದ್ದು ಜಾತಕವಲ್ಲ, ಜಮೀನಲ್ಲ. ಈ ಬೆರಳುದ್ದದ ಚಾಕು.

ದೊರೆಯ ಪೆಟ್ಟಿಗೆ

ಮೊದಲು ಚಾಕು ಬಂದ ಕತೆ. ನಮ್ಮಪ್ಪ ಮೇಸ್ತ್ರಿಯಾಗಿದ್ದ ಎಸ್ಟೇಟಿನ ಬಿಳಿ ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನೆಲ್ಲ ಹರಾಜಾಯಿತು. ಕುರ್ಚಿ, ಕಪಾಟು, ಕನ್ನಡಿಗಳಿಗೆ ಊರ ದೊಡ್ಡವರು ಕೂಗಿದರು. ಕೊನೆಗೆ ಯಾರೂ ಕೂಗದ ಒಂದು ಮುರುಕು ಪೆಟ್ಟಿಗೆ ಉಳಿಯಿತು. ನಮ್ಮಪ್ಪ ಹೊತ್ತು ತಂದ. ಒಳಗೆ ಕುದುರೆ ಉಜ್ಜುವ ಬ್ರಷ್ಷು, ಒಂಟಿ ಬೂಟು, ಮತ್ತೆ ಈ ಚಾಕು.

ಕೊಂಬಿನ ಹಿಡಿ. ಬಿಚ್ಚಿದರೆ ಒಂದು ಅಲಗು. ಇನ್ನೊಂದು ಕಡೆಯಿಂದ ಬಿಚ್ಚಿದರೆ ಗಿಣಿಯ ಕೊಕ್ಕಿನಂತೆ ಬಾಗಿದ ಒಂದು ಕೊಕ್ಕೆ. ಈ ಕೊಕ್ಕೆ ಯಾತಕ್ಕೆ ಅನ್ನೋದು ಊರಿಗೇ ತಿಳಿಯಲಿಲ್ಲ. ಕಿವಿ ಕೆರೆಯೋಕೆ ಅಂದ ಅಪ್ಪ. ಬಿರಡೆ ಕೀಳೋಕೆ ಅಂದ ಲೆಕ್ಕ ಬರೆಯುವ ಎಸ್ಟೇಟ್ ರೈಟರು. ಮುಂದೆ ಬಸ್ಸಿಗೆ ಸೇರಿದ ಮೇಲೆ ನಮ್ಮ ಡ್ರೈವರ್ ಸಾಬ್ರಿಗೆ ತೋರಿಸಿದೆ. ಮೂವತ್ತು ವರ್ಷ ಘಟ್ಟದಲ್ಲಿ ಗಾಡಿ ಓಡಿಸಿದ ಮನುಷ್ಯ, ತಿರುಗಿಸಿ ಮುರುಗಿಸಿ ನೋಡಿ ಹೇಳಿದರು:

"ದೊರೆಸಾನಿ ಬೈದಾಗ ದೊರೆ ಇದನ್ನ ಮರಕ್ಕೆ ಸಿಕ್ಕಿಸಿ ನೇತಾಡ್ತಿದ್ದ ಕಣೋ. ಮದುವೆ ಆಗು, ನಿಂಗೂ ಬೇಕಾಗ್ತದೆ."

ಮುದ್ದೇಮಾಲು

ಒಂದು ಸಂತೆಯ ದಿನ ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹಮಾಲಿಗಳು ಹೊಡೆದಾಡಿಕೊಂಡರು. ದಫೇದಾರ್ರು ಬಂದು ಸುತ್ತ ನಿಂತವರ ಜೇಬನ್ನೆಲ್ಲ ತಡಕಿದರು. ನನ್ನ ಜೇಬಿನಲ್ಲಿ ಚಾಕು ಸಿಕ್ಕಿತು.

"ಯಾರಿಗಯ್ಯ ಇದು?"

"ಯಾರಿಗಾದ್ರೂ ಆಗ್ತದೆ ಸಾರ್. ಕೇಳಿದೋರಿಗೆ ಇಲ್ಲ ಅನ್ನಲ್ಲ."

ಒಳ್ಳೇ ಮಾತಿಗೆ ಕಾಲವಿಲ್ಲ. ರಟ್ಟೆ ಹಿಡಿದು ಸ್ಟೇಷನ್ನಿಗೆ ನಡೆಸಿದರು. ಬಸ್ಸಿನ ತುಂಬಾ ಜನ ಕತ್ತು ಉದ್ದ ಮಾಡಿ ನೋಡಿದರು. ಮೂರನೇ ಸೀಟಿನಲ್ಲಿ ಕೂತು ನೋಡಿದವರು ಯಾರು ಅಂತೀರಿ? ನನ್ನ ಹುಡುಗಿಯ ಅಪ್ಪ, ಸಾಕ್ಷಾತ್ ಗೌಡರು.

ಸ್ಟೇಷನ್ನಿನಲ್ಲಿ ಚಾಕುವನ್ನು ಮೇಜಿನ ಮೇಲಿಟ್ಟು, "ಇದು ಈಗ ಮುದ್ದೇಮಾಲು, ಕೇಸಿಗೆ ಸೇರಿದ್ದು. ಮುಟ್ಟಂಗಿಲ್ಲ" ಅಂದರು ದಫೇದಾರ್ರು. ಆಮೇಲೆ ಮೂಲೆಯಲ್ಲಿದ್ದ ಕಿತ್ತಳೆ ಬುಟ್ಟಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಹೆಂಡತಿಯ ತವರಿನಿಂದ ಬಂದ ಬುಟ್ಟಿ. ಬಾಯಿಗೆ ಗೋಣಿ ಹೊಚ್ಚಿ, ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದುಬಿಟ್ಟಿದ್ದಾರೆ. ಉಗುರಲ್ಲಿ ಎಳೆದರು. ಲಾಠಿ ತೂರಿಸಿ ಮೀಟಿದರು. ಕಡೆಗೆ ಟೋಪಿ ತೆಗೆದಿಟ್ಟು ಹಲ್ಲು ಹಾಕಿದರು. ಹಗ್ಗ ಜಗ್ಗಲಿಲ್ಲ.

"ಸಾರ್, ನಾನು ಒಂದು ಸಲ..."

"ಮುದ್ದೇಮಾಲು ಅಂದೆನಲ್ಲ!"

ಹೊರಗೆ ಸಾಬ್ರು ಹಾರ್ನು ಹೊಡೀತಾ ಇದ್ದಾರೆ. ದಫೇದಾರ್ರು ಬಾಯಲ್ಲಿದ್ದ ನಾರು ಉಗಿದು, ಎದ್ದು ನಿಂತು ಟೋಪಿ ಹಾಕಿಕೊಂಡರು. ಗಂಭೀರವಾಗಿ ಚಾಕು ತೆಗೆದು ನನ್ನ ಮುಂದಿಟ್ಟರು.

"ನಿನ್ನ ಮಾಲು ನಿಂಗೆ ವಾಪಸ್ ಕೊಟ್ಟಿದೀನಿ. ಈಗ ಕುಯ್ಯಿ."

ಒಂದೇ ಎಳೆತ. ಹಗ್ಗ ಎರಡಾಯ್ತು. ಕಿತ್ತಳೆ ಘಮ್ಮಂತು. ನಾನು ಚಾಕು ಮಡಚಿ ಜೇಬಿಗೆ ಬಿಟ್ಟುಕೊಳ್ಳಬೇಕು, ದಫೇದಾರ್ರು ಅಂಗೈ ಚಾಚಿದರು.

"ಕುಯ್ದಾಯ್ತಲ್ಲ? ಈಗ ಮತ್ತೆ ಕೊಡು."

ಮೇಷ್ಟ್ರ ಕಾಲು

ಕಿತ್ತಳೆಯ ಪುಣ್ಯ, ಕೇಸಾಗಲಿಲ್ಲ, ಸಂಜೆಯ ಟ್ರಿಪ್ಪಿಗೆ ಚಾಕು ವಾಪಸ್ ಸಿಕ್ಕಿತು ಅನ್ನಿ. ಆದರೆ ಗೌಡರು ಊರಿಗೆ ಹೋಗಿ "ಹುಡುಗನ್ನ ಪೋಲೀಸ್ನೋರು ಹಿಡಕೊಂಡು ಹೋದ್ರು" ಅಂದಿದ್ದರು. ಅವ್ವ ಹೋಗಿ ಕಾಲು ಹಿಡಿದಂತೆ ಮಾತಾಡಿ ಸಮಾಧಾನ ಮಾಡಿ ಬಂದಳು. ಅಷ್ಟರಲ್ಲಿ ಇದೊಂದು ಆಯ್ತು.

ಮಳೆ ಹಿಡಿದ ಹೊಸದು. ಬಯಲುಸೀಮೆಯಿಂದ ಹೆತ್ತೂರಿನ ಕಡೆಯ ಸ್ಕೂಲಿಗೆ ವರ್ಗವಾಗಿ ಬಂದ ಹೊಸ ಮೇಷ್ಟ್ರು ಬಸ್ಸಿನಲ್ಲಿದ್ದರು. ದಾರಿಯಲ್ಲಿ ಬಸ್ಸು ನಿಂತಾಗ ಪಕ್ಕದ ತೋಟದೊಳಗೆ ಹೋಗಿ ಬಂದವರು, ಕೂತ ಸ್ವಲ್ಪ ಹೊತ್ತಿಗೆ ಕಿಟಾರನೆ ಕಿರುಚಿದರು. ಸಾಬ್ರು ಬಸ್ಸು ನಿಲ್ಲಿಸಿದರು. ಪಾದದ ಮೇಲೆ ಇಂಬಳ. ರಕ್ತ ಕುಡಿದು ನೇರಳೆ ಹಣ್ಣಿನಂತೆ ಊದಿಕೊಂಡಿದೆ. ನಮಗೆ ಅದು ಸೊಳ್ಳೆಗೆ ಸಮ. ಅವರು ಜನ್ಮದಲ್ಲಿ ಕಂಡವರಲ್ಲ.

"ಹಾವಿನ ಮರೀರೀ! ಹಾವಿನ ಮರಿ ಕಚ್ಚಿದೆ!"

ಪಾಪ ಅನ್ನಿಸಿತು. ಅಲಗಿನಲ್ಲಿ ಮೆಲ್ಲಗೆ ಹೆರೆದರೆ ಉದುರಿ ಹೋಗ್ತದೆ. ಚಾಕು ಬಿಚ್ಚಿಕೊಂಡು ಅವರ ಮುಂದೆ ಕೂತು, "ಕಾಲು ನೀಡಿ ಮೇಷ್ಟ್ರೇ, ಹೆದರಬ್ಯಾಡಿ. ನಮ್ಮ ಕಡೆ ಇದು ಮಾಮೂಲಿ" ಅಂದೆ.

ಹಾವು ಕಚ್ಚಿದರೆ ಮಲೆನಾಡಿನವರು ಬೆರಳನ್ನೇ ಕತ್ತರಿಸಿ ಬಿಸಾಕ್ತಾರೆ ಅಂತ ಅವರ ಊರಲ್ಲಿ ಯಾರೋ ಹೇಳಿ ಕಳಿಸಿದ್ದರಂತೆ. ಅದು ನನಗೇನು ಗೊತ್ತು? ಮೇಷ್ಟ್ರು ಕಾಲು ನೀಡಲಿಲ್ಲ. ಅದೇ ಕಾಲಲ್ಲಿ ನನ್ನ ಎದೆಗೆ ಒದ್ದು, ಹಿಂದಿನ ಬಾಗಿಲಿಂದ ಹಾರಿ, ಪಂಚೆ ಎತ್ತಿಕೊಂಡು ಓಡಿದರು. ಕೆಸರಲ್ಲಿ ಬಿದ್ದಾರು ಅಂತ ನಾನೂ ಹಿಂದೆ ಓಡಿದೆ. ಓಡುವ ಗಡಿಬಿಡಿಯಲ್ಲಿ ಚಾಕು ಮಡಚೋದು ಯಾರಿಗೆ ನೆನಪಿರ್ತದೆ?

ಎಸ್ಟೇಟಿನ ಕೂಲಿ ಲೈನಿನ ಜನವೆಲ್ಲ ಬಾಗಿಲಿಗೆ ಬಂದು ನೋಡಿದರು. ಮುಂದೆ ಮೇಷ್ಟ್ರು "ಕಾಪಾಡ್ರಪ್ಪೋ" ಅಂತ. ಹಿಂದೆ ನಾನು ಬಿಚ್ಚು ಚಾಕು ಹಿಡಿದು "ನಿಲ್ಲಿ ಮೇಷ್ಟ್ರೇ, ನಿಮ್ಮ ಒಳ್ಳೇದಕ್ಕೇ" ಅಂತ.

ಕೊನೆಗೆ ಇಂಬಳ ಹೊಟ್ಟೆ ತುಂಬಿ ತಾನೇ ಉದುರಿತು. ಒಬ್ಬ ಅಜ್ಜಿ ಬಾಯಲ್ಲಿದ್ದ ಹೊಗೆಸೊಪ್ಪು ತೆಗೆದು ಗಾಯಕ್ಕೆ ಮೆತ್ತಿದಳು. ಮೇಷ್ಟ್ರಿಗೆ ಉಸಿರು ಬಂದ ಮೇಲೆ ನಾನು ಕೈಮುಗಿದು, "ಬನ್ನಿ ಸ್ವಾಮಿ, ಬಸ್ಸು ಹತ್ತಿ" ಅಂದೆ. ಅವರು ಆ ಅಜ್ಜಿಯ ಬೆನ್ನ ಹಿಂದೆ ನಿಂತೇ ಹೇಳಿದರು:

"ಬೇಡ ಕಂಡಕ್ಟರೇ. ಹೆತ್ತೂರಿನವರೆಗೆ ಟಿಕೆಟ್ ತಗೊಂಡಿದೀನಿ, ನಿಜ. ಉಳಿದ ದಾರಿ ನೀವೇ ಇಟ್ಟುಕೊಳ್ಳಿ."

ಹಾರ್ನು

ಇದು ಸಣ್ಣದು. ಒಂದು ದಿನ ಹಾರ್ನು ಕೆಟ್ಟಿತು. ಸಾಬ್ರು ನನ್ನ ಚಾಕು ಇಸಕೊಂಡು, ಅಲಗಿನ ತುದಿಯನ್ನೇ ಸ್ಕ್ರೂಗೆ ಕೊಟ್ಟು ತಿರುವಿದರು. ಟಿಣ್ ಅಂತ ತುದಿ ಮುರಿದು ಎಲ್ಲೋ ಹಾರಿತು. ಚಾಕು ಮೊಂಡಾಯ್ತು. ಹಾರ್ನು ಮಾತ್ರ ಸರಿಯಾಯ್ತು. ಎಷ್ಟು ಸರಿಯಾಯ್ತು ಅಂದರೆ, ಹೆತ್ತೂರು ಮುಟ್ಟೋವರೆಗೂ ನಿಲ್ಲಲೇ ಇಲ್ಲ. ದಾರಿಯುದ್ದಕ್ಕೂ ದನ ಹಗ್ಗ ಕಿತ್ತವು, ಜನ ಕೆಲಸ ಬಿಟ್ಟು ರಸ್ತೆಗೆ ಬಂದರು. ನನ್ನ ಮುಖ ಅಳುವಂತಾಗಿತ್ತು. ಸಾಬ್ರು ಬೆನ್ನು ತಟ್ಟಿದರು.

"ಅಳಬ್ಯಾಡ ಬೇಟಾ. ಇನ್ಮೇಲೆ ಇದು ಚೂರಿ ಅಲ್ಲ. ಯಾರಿಗೂ ಚುಚ್ಚಲ್ಲ ಅಂತ ನಿಮ್ಮ ಮಾವನಿಗೆ ಕೂಗಿ ಹೇಳ್ತಾ ಇದೀನಿ, ಕೇಳಿಸ್ತಿಲ್ವಾ?"

ಕರಾರು

ಮಾವ ಆಗಬೇಕಾದವರಿಗೆ ಹಾರ್ನಿಗಿಂತ ಮೊದಲು ಮೇಷ್ಟ್ರ ಸುದ್ದಿ ಮುಟ್ಟಿತ್ತು. ಅದೂ ಬೆಳೆದು ಮುಟ್ಟಿತ್ತು. ನಾನು ಮೇಷ್ಟ್ರ ಕಾಲು ಕತ್ತರಿಸಿದೆ ಅಂತ ಒಬ್ಬರು, ಇಲ್ಲ, ಅರ್ಧ ಕತ್ತರಿಸಿದ್ದು ಅಂತ ಇನ್ನೊಬ್ಬರು. ಗೌಡರು ಹೇಳಿಕಳಿಸಿದರು. ಅವ್ವನ ಜೊತೆ ಹೋಗಿ ಜಗುಲಿಯಲ್ಲಿ ಕೂತೆ. ಯಾರಿಗೂ ಬಗ್ಗದ ನಾನು, ಅವತ್ತು ಪಂಚೆ ಇಳಿಬಿಟ್ಟು ಮಂಡಿ ಮುಚ್ಚಿಕೊಂಡು ಕೂತಿದ್ದೆ.

"ನೋಡು ಹುಡುಗ," ಅಂದರು ಗೌಡರು. "ನೀನು ದುಡಿಯೋನು, ಅದು ಗೊತ್ತು. ಆದ್ರೆ ನಂಗಿರೋದು ಒಬ್ಬಳೇ ಮಗಳು. ಚೂರಿ ಇಡೋನಿಗೆ ಕೊಟ್ಟು ಎದೆ ಮೇಲೆ ಕೈ ಇಟ್ಕೊಂಡು ಮಲಗಕ್ಕಾಗಲ್ಲ. ಚಾಕು ಬಿಡು, ಮಗಳನ್ನ ಕೊಡ್ತೀನಿ."

ಒಳಬಾಗಿಲಲ್ಲಿ ಬಳೆ ಸದ್ದಾಯ್ತು. ನಾನು ಯೋಚನೆ ಮಾಡಲಿಲ್ಲ. ಚಾಕು ತೆಗೆದು ಕೊಡೋಕೆ ಹೋದೆ.

"ಕೈಯಿಂದ ಕೈಗೆ ಕೊಡಬ್ಯಾಡ ಕಣೋ, ಜಗಳ ಆಗ್ತದೆ!" ಅಂತ ಅವ್ವ ಕೂಗಿದಳು. ವೀಳ್ಯದ ತಟ್ಟೆಯಲ್ಲಿ, ಎಲೆ ಅಡಿಕೆಯ ಪಕ್ಕ ಇಟ್ಟೆ. ಗೌಡರು ಎರಡು ಬೆರಳಲ್ಲಿ ಚೇಳು ಎತ್ತುವಂತೆ ಎತ್ತಿ ಪಕ್ಕಕ್ಕೆ ಇಟ್ಟುಕೊಂಡರು.

ಆಮೇಲಿನ ದಿನಗಳು ಕೇಳಬೇಡಿ. ಕೈ ತನ್ನಷ್ಟಕ್ಕೆ ಜೇಬಿಗೆ ಹೋಗೋದು, ಬರಿದಾಗಿ ವಾಪಸ್ ಬರೋದು. ಬಸ್ಸಿನಲ್ಲಿ ಯಾರಾದರೂ ಹಲಸಿನ ಹಣ್ಣೋ ಹಗ್ಗದ ಗಂಟೋ ಹಿಡಿದು "ಎಲ್ಲಪ್ಪ ನಿನ್ನ ಚಾಕು?" ಅಂದರೆ, "ಮಾವನ ಮನೇಲೈತೆ" ಅಂತ ಹಲ್ಲು ಕಚ್ಚಿಕೊಂಡು ಹೇಳಬೇಕು. ಸಾಬ್ರು ಸ್ಟೀರಿಂಗ್ ಬಡಿದು ಬಡಿದು ನಕ್ಕರು:

"ಹೆಣ್ಣು ಇನ್ನೂ ಮನೆಗೆ ಬಂದಿಲ್ಲ, ಆಗಲೇ ವರದಕ್ಷಿಣೆ ನೀನೇ ಕೊಟ್ಬುಟ್ಟೆಯಲ್ಲೋ!"

ನಿಂಬೆಹಣ್ಣು

ನಮ್ಮ ಕಡೆ ಮದುಮಗ ಚಪ್ಪರಕ್ಕೆ ಕಾಲಿಡಬೇಕಾದರೆ ಕೈಯಲ್ಲಿ ಕಠಾರಿ ಇರಬೇಕು. ಅದಕ್ಕೊಂದು ನಿಂಬೆಹಣ್ಣು ಚುಚ್ಚಿರಬೇಕು. ದೃಷ್ಟಿ ತಾಗದಿರಲಿ ಅಂತ. ನಮ್ಮ ಊರಿಗೆಲ್ಲ ಒಂದೇ ಕಠಾರಿ. ಪಟೇಲರ ಮನೆಯಲ್ಲಿರ್ತದೆ, ಯಾರ ಮದುವೆಗಾದರೂ ಅದೇ ಹೋಗಬೇಕು. ಅದನ್ನು ತರುವ ಜವಾಬ್ದಾರಿ ನಮ್ಮ ಸೋದರಮಾವನದು.

ಸೋದರಮಾವ ತಂದ. ರೇಷ್ಮೆ ಬಟ್ಟೆಯಲ್ಲಿ ಸುತ್ತಿಯೇ ತಂದ. ದಿಬ್ಬಣ ನಮ್ಮ ಬಸ್ಸಿನಲ್ಲೇ ಹೋಯ್ತು. ಗೌಡರ ಊರಿನಲ್ಲಿ ಎಲ್ಲರೂ ಇಳಿದರು. ಸಾಬ್ರು ನಮ್ಮನ್ನು ಇಳಿಸಿ ಬಸ್ಸು ತಿರುಗಿಸಿಕೊಂಡು ಮಾಮೂಲಿ ಟ್ರಿಪ್ಪಿಗೆ ಸಕಲೇಶಪುರಕ್ಕೆ ಹೋದರು. ಅವರ ಹಿಂದೆಯೇ, ಸೀಟಿನ ಮೇಲೆ ಕೂತುಕೊಂಡು, ಕಠಾರಿಯೂ ಹೋಯ್ತು.

ಚಪ್ಪರದ ಬಾಗಿಲಲ್ಲಿ ನನ್ನ ನಿಲ್ಲಿಸಿಬಿಟ್ಟರು. ಪೇಟ, ಬಾಸಿಂಗ, ಹೂವಿನ ಹಾರ ಎಲ್ಲ ಇದೆ. ಕೈ ಖಾಲಿ.

"ಕಠಾರಿ ಇಲ್ದೆ ಒಳಗೆ ಬಿಡಕ್ಕಾಗಲ್ಲ," ಅಂದರು ಹಿರಿಯರು. "ಲಗ್ನ ಮೀರ್ತಾ ಐತೆ," ಅಂದರು ಪುರೋಹಿತರು.

ಹುಡುಕಾಟ ಶುರುವಾಯ್ತು. ಒಬ್ಬ ಕತ್ತಿ ತಂದ. "ಥೂ, ಅದು ಕೋಳಿ ಕುಯ್ಯೋದು!" ಇನ್ನೊಬ್ಬ ಕುಡುಗೋಲು ತಂದ. "ಮದುವೆಗೆ ಬಂದಿದೀರೋ, ಗದ್ದೆ ಕುಯ್ಲಿಗೋ?" ಅಂತ ಪುರೋಹಿತರು ರೇಗಿದರು. ಅಡಿಗೆಯವನು ಒಳಗಿಂದ ಈಳಿಗೆಮಣೆಯನ್ನೇ ಹೊತ್ತು ತಂದ. ಬದನೆಕಾಯಿಯ ಹೋಳು ಇನ್ನೂ ಅಂಟಿಕೊಂಡಿದೆ. ಸೋದರಮಾವ ಅದಕ್ಕೂ ನಿಂಬೆಹಣ್ಣು ಚುಚ್ಚಿ, ಎರಡು ಕೈಯಲ್ಲಿ ಎತ್ತಿ ನನಗೆ ಕೊಡೋಕೆ ಬಂದ. ನಾನು ನೂರು ಜನರ ಮುಂದೆ ಈಳಿಗೆಮಣೆ ಹಿಡಿದು ಮದುವೆಯಾಗುವ ಗಂಡಲ್ಲ. ಆದರೆ ಲಗ್ನ ಮೀರಿದರೆ ಹುಡುಗಿಯೇ ಇಲ್ಲ. ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಬೇಡದ ದಿನವೆಲ್ಲ ಚಾಕು ಇಟ್ಟುಕೊಂಡಿದ್ದೆ. ಬೇಕಾದ ಒಂದು ದಿನ ಇಲ್ಲ.

"ಇಷ್ಟು ಜನದಲ್ಲಿ ಒಬ್ಬರ ಜೇಬಲ್ಲೂ ಒಂದು ಚಾಕು ಇಲ್ವೇನ್ರಯ್ಯ?" ಅಂತ ಪುರೋಹಿತರು ಕೂಗಿದರು.

ಆಗ ಒಳಗಿಂದ ಒಂದು ಹೆಣ್ಣುದನಿ ಬಂತು. ನನ್ನ ಹೆಂಡತಿಯಾಗುವವಳ ದನಿ ನಾನು ಕೇಳಿದ್ದು ಅದೇ ಮೊದಲು.

"ಅಪ್ಪನ ಕೋಟಿನ ಒಳಜೇಬು ನೋಡಿ."

ನೂರು ತಲೆಗಳೂ ಗೌಡರ ಕಡೆ ತಿರುಗಿದವು. ಗೌಡರು ಆಕಾಶ ನೋಡಿದರು, ಚಪ್ಪರ ನೋಡಿದರು. ಕಡೆಗೆ ಕೋಟಿನೊಳಗೆ ಕೈ ಹಾಕಿದರು. ಬಂತು ನೋಡಿ ನನ್ನ ಚಾಕು! ಎಣ್ಣೆ ಹಾಕಿ ಉಜ್ಜಿ ಫಳಫಳ ಅಂತಿದೆ. ನಾನಿಟ್ಟುಕೊಂಡಾಗ ಯಾವತ್ತೂ ಅಷ್ಟು ಹೊಳೆದದ್ದಿಲ್ಲ. ಬಿಚ್ಚಿದರೆ ಅಲಗಿನ ಸಂದಿನಲ್ಲಿ ಅಡಿಕೆ ಚೂರು.

"ಎಲ್ಲಾದ್ರೂ ಕಳೆದುಹೋದೀತು ಅಂತ... ಇಟ್ಕೊಂಡಿದ್ದೆ," ಅಂದರು ಗೌಡರು.

"ಮೂರು ಹೊತ್ತೂ ಅದರಲ್ಲೇ ಅಡಿಕೆ ಕುಯ್ತಾನೆ," ಅಂತ ಅವರ ಮುದುಕಿ ತಾಯಿ ಕೂಗಿ ಹೇಳಿದಳು. "ಮುಟ್ಟೋಕೆ ಬಿಡಲ್ಲ ನನ್ನ!"

ಗೌಡರು ಚಾಕುವನ್ನು ಕೈಗೆ ಕೊಡದೆ ನೆಲಕ್ಕಿಟ್ಟರು. ನಾನು ಎತ್ತಿಕೊಂಡೆ. ನಿಂಬೆಹಣ್ಣು ಚುಚ್ಚಿದರೆ ಎಲ್ಲಿ ನಿಲ್ತದೆ? ತುದಿ ಸಾಬ್ರ ಹಾರ್ನಿಗೆ ಹೋಗಿದೆಯಲ್ಲ. ಹಣ್ಣು ಜಾರಿ ಉರುಳಿ ಪುರೋಹಿತರ ಕಾಲಡಿಗೆ ಹೋಯ್ತು. "ಲಗ್ನ!" ಅಂತ ಅವರು ಅರಚಿದರು. ಆಗ ನನಗೆ ಹೊಳೆಯಿತು. ಅಲಗು ಮಡಚಿ ಇನ್ನೊಂದು ಕಡೆಯ ಕೊಕ್ಕೆ ಬಿಚ್ಚಿದೆ. ಕಚಕ್ ಅಂತ ನಿಂಬೆಹಣ್ಣು ಅದಕ್ಕೆ ಕೂತಿತು. ಅಲುಗಾಡಿಸಿದರೂ ಬೀಳಲಿಲ್ಲ. ಆ ಬಿಳಿ ದೊರೆ ಕೊಕ್ಕೆಯನ್ನು ಯಾತಕ್ಕೆ ಇಟ್ಟುಕೊಂಡಿದ್ದನೋ ಏನೋ, ನನಗೆ ಮಾತ್ರ ಅವತ್ತು ಗೊತ್ತಾಯ್ತು.

ಎದೆಯುಬ್ಬಿಸಿ ಒಳಗೆ ನಡೆದೆ. ಅಂತರಪಟ ಸರಿದಾಗ ಹುಡುಗಿ ಮೊದಲು ನಿಂಬೆಹಣ್ಣು ನೋಡಿದಳು, ಆಮೇಲೆ ನನ್ನ ನೋಡಿದಳು, ತುಟಿ ಕಚ್ಚಿಕೊಂಡಳು. ಧಾರೆಯಾಯ್ತು. ತಾಳಿ ಕಟ್ಟಿದೆ.

ಹಿರಿಯರಿಗೆ ಅಡ್ಡಬೀಳುವಾಗ ಮಾವನ ಕಾಲಿಗೂ ಬಿದ್ದೆ. ಅವರು ನನ್ನ ಹೆಗಲು ಹಿಡಿದು ಎತ್ತಿ, ಕಿವಿಯ ಹತ್ತಿರ ಬಾಯಿ ತಂದರು. ಗಂಟಲು ಸರಿಮಾಡಿಕೊಂಡರು. ಮಗಳನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ ಹೇಳ್ತಾರೆ ಅಂದುಕೊಂಡು ನಾನೂ ಕಣ್ಣು ಒರೆಸಿಕೊಂಡು ಸಿದ್ಧನಾದೆ.

"ಅಳಿಯಂದ್ರೇ," ಅಂದರು ಮೆಲ್ಲಗೆ, ವೀಳ್ಯದ ತಟ್ಟೆಯನ್ನು ನನ್ನ ಮುಂದೆ ಹಿಡಿದು. "ತಾಳಿ ಕಟ್ಟಾಯ್ತಲ್ಲ? ಈಗ ಮತ್ತೆ ಕೊಡಿ."