ದೊಡ್ಡಮ್ಮನ ಸೀಟಿ

ಎಲ್ಲದಕ್ಕೂ ಮೂಲ ಒಂದು ಚಹಾದಂಗಡಿ.

ಮಾರುಕಟ್ಟೆ ಬೀದಿಯ ಮೂಲೆಯಲ್ಲಿರುವ ಆ ಅಂಗಡಿಯಲ್ಲಿ ಪ್ರತಿ ಶುಕ್ರವಾರ ಸಂಜೆ ನಿವೃತ್ತ ಬಸ್ ಕಂಡಕ್ಟರ್‌ಗಳ ಕೂಟ ಸೇರುತ್ತದೆ. ಜಮೀನು ಅಳೆಯುವ ಸರ್ವೇಯರನೊಬ್ಬನ ದೊಡ್ಡಮ್ಮ ಆ ಕೂಟದ ಹಿರಿಯಾಳು. ಜೀವಮಾನವಿಡೀ ಬಸ್ಸಿನಲ್ಲಿ ನಿಂತೇ ದುಡಿದ ಆಕೆಯ ಮಂಡಿಗಳು ಈಗ ಮುಷ್ಕರ ಹೂಡಿದ್ದವು. ನಾಲ್ಕು ಹೆಜ್ಜೆ ಇಟ್ಟರೆ ಒಂದು ಮಂಡಿ ಹಿಡಿದುಕೊಳ್ಳುತ್ತಿತ್ತು, ಅದನ್ನು ಸಮಾಧಾನ ಮಾಡುವಷ್ಟರಲ್ಲಿ ಇನ್ನೊಂದು ರಾಗ ತೆಗೆಯುತ್ತಿತ್ತು. ಅಂಗಡಿಯ ಹತ್ತಿರ ಕಾರು ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ, ದೂರ ನಿಲ್ಲಿಸಿದರೆ ಆಕೆ ನಡೆಯುವಂತಿರಲಿಲ್ಲ. ಹೀಗಾಗಿ ದೊಡ್ಡಮ್ಮ ಕೂಟದ ಮುಖ ನೋಡಿ ತಿಂಗಳುಗಳೇ ಆಗಿದ್ದವು. ಶುಕ್ರವಾರ ಸಂಜೆಯಾದರೆ ಸಾಕು, ಆಕೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅದನ್ನು ಸರ್ವೇಯರನಿಗೆ ನೋಡಲಾಗುತ್ತಿರಲಿಲ್ಲ.

ವಿಚಿತ್ರವೆಂದರೆ ಅಂಗಡಿಯ ಬಾಗಿಲಿಗೇ ಒಂದು ಜಾಗ ಯಾವಾಗಲೂ ಖಾಲಿ ಇರುತ್ತಿತ್ತು. ನೆಲದ ಮೇಲೆ ನೀಲಿ ಬಣ್ಣದಲ್ಲಿ ಗಾಲಿಕುರ್ಚಿಯ ಚಿತ್ರ. ಅಲ್ಲಿ ನಿಲ್ಲಿಸಬೇಕಾದರೆ ಕಾರಿನ ಗಾಜಿನ ಹಿಂದೆ ನೀಲಿ ಕಾರ್ಡು ಇರಬೇಕು. ಕಾರ್ಡು ಬೇಕಾದರೆ ದೊಡ್ಡಾಸ್ಪತ್ರೆಯ ಮೂಳೆ ಡಾಕ್ಟರು ನಡಿಗೆ ನೋಡಿ ಕೊಡಬೇಕು. ಆ ಡಾಕ್ಟರು ಈ ಕೆಲಸಕ್ಕೆಂದು ಕೂರುವುದು ತಿಂಗಳಿಗೊಂದು ಶುಕ್ರವಾರ, ಅದೂ ಮಧ್ಯಾಹ್ನದ ಊಟದ ತನಕ. ಇವತ್ತೇ ಆ ಶುಕ್ರವಾರ.

"ಇವತ್ತು ಸಂಜೆ ನಿನ್ನನ್ನ ಚಹಾದಂಗಡಿ ಬಾಗಿಲಲ್ಲೇ ಇಳಿಸ್ತೀನಿ ದೊಡ್ಡಮ್ಮ. ಬರ್ದಿಟ್ಕೋ," ಎಂದ ಸರ್ವೇಯರ್, ಆಕೆಯ ವಾಕರ್ ಮಡಚಿ ಡಿಕ್ಕಿಗೆ ತುಂಬುತ್ತಾ.

"ಮೊದ್ಲು ಆಸ್ಪತ್ರೆ ಬಾಗಿಲಲ್ಲಿ ಇಳಿಸು ಮಗನೇ, ಸಾಕು," ಎಂದಳು ದೊಡ್ಡಮ್ಮ. ಆಕೆಯ ಮಡಿಲಲ್ಲಿ ಹಳೇ ಕೈಚೀಲವಿತ್ತು. ನಿವೃತ್ತಿಯ ದಿನ ಟಿಕೆಟ್ ಯಂತ್ರ, ಬಿಲ್ಲೆ, ಎಲ್ಲವನ್ನೂ ಡಿಪೋಗೆ ಒಪ್ಪಿಸಿದ್ದವಳು ಸೀಟಿಯೊಂದನ್ನು ಮಾತ್ರ ಮರೆತವಳಂತೆ ನಟಿಸಿ ಉಳಿಸಿಕೊಂಡಿದ್ದಳು. ಅದು ಆ ಚೀಲದೊಳಗೇ ಇರುತ್ತಿತ್ತು.

ಅಷ್ಟರಲ್ಲಿ ಎದುರುಮನೆಯ ಮೇಷ್ಟ್ರು ಗೇಟಿಗೆ ಬಂದು ನಿಂತರು. ಪಾರ್ಕಿಂಗ್ ಸಿಗದ ಸಿಟ್ಟಿಗೆ ತಮ್ಮ ಕಾರನ್ನೇ ಮಾರಿಬಿಟ್ಟವರು ಅವರು. ಅಂದಿನಿಂದ ಊರಿನವರ ಕಾರುಗಳಿಗೆಲ್ಲ ಸಲಹೆ ಕೊಡುವುದೇ ಅವರ ಉದ್ಯೋಗ.

"ಆಸ್ಪತ್ರೆ ಹತ್ರ ಒಂದು ಸೂಜಿ ನಿಲ್ಲಿಸೋಕೂ ಜಾಗ ಸಿಗಲ್ಲ. ನನ್ನ ಮಾತು ಕೇಳಿ, ಟ್ಯಾಕ್ಸೀಲಿ ಹೋಗಿ. ಇಲ್ಲಾ, ನಾನೇ ಕಾರು ಓಡಿಸ್ತೀನಿ, ನೀವು ಅಮ್ಮನ್ನ ನೋಡ್ಕೊಳ್ಳಿ."

"ಜಾಗ ಅಳೆಯೋದೇ ನನ್ನ ಕಸುಬು ಮೇಷ್ಟ್ರೇ," ಎಂದು ಸರ್ವೇಯರ್ ಮೀಸೆ ತೀಡಿದ. ತಲೆಯ ಮೇಲೆ ಒಂದೆಳೆ ಕೂದಲಿಲ್ಲದ ಆತನಿಗೆ ಮೀಸೆಯೇ ಸರ್ವಸ್ವ. "ಬೆಟ್ಟದ ಮೇಲೆ ನಿಂತು ಬರೀ ಕಣ್ಣಲ್ಲಿ ಎಕರೆ ಎಷ್ಟು ಅಂತ ಹೇಳ್ತೀನಿ. ಒಂದು ಕಾರು ನಿಲ್ಲಿಸೋ ಜಾಗ ಯಾವ ಲೆಕ್ಕ?"

ಮೇಷ್ಟ್ರು ಕಾರಿನ ಸ್ಟಿಯರಿಂಗನ್ನು ಆಸೆಗಣ್ಣಿನಿಂದ ನೋಡುತ್ತಾ ಹಿಂದೆ ಸರಿದರು.

ಆಸ್ಪತ್ರೆಯ ಗೇಟಿನೊಳಗೆ ನೀಲಿ ಚಿತ್ರದ ಎರಡು ಜಾಗಗಳು ಸಾರಿಸಿಟ್ಟ ಅಂಗಳದಂತೆ ಖಾಲಿ ಇದ್ದವು. ಸರ್ವೇಯರ್ ಠೀವಿಯಿಂದ ಕಾರು ತಿರುಗಿಸಿದ. ಕಾವಲುಗಾರ ಕೈ ಅಡ್ಡ ಹಿಡಿದ.

"ಕಾರ್ಡ್ ತೋರ್ಸಿ."

"ಕಾರ್ಡ್ ತಗೊಳ್ಳೋಕೇ ಬಂದಿರೋದು."

"ಸರಿ. ಒಳಗೆ ಹೋಗಿ ಕಾರ್ಡ್ ತಗೊಂಡು ಬನ್ನಿ. ಆಮೇಲೆ ಕಾರು ನಿಲ್ಸಿ."

"ಕಾರು ನಿಲ್ಲಿಸ್ದೆ ಒಳಗೆ ಹೇಗಪ್ಪಾ ಹೋಗೋದು?"

"ಅದು ನನ್ನ ಡ್ಯೂಟಿ ಅಲ್ಲ ಸಾರ್."

"ಇವರನ್ನ ಇಲ್ಲೇ ಇಳಿಸ್ತೀನಿ. ನೀವು ಒಂದು ಗಾಲಿಕುರ್ಚಿ ತಂದ್ಕೊಡಿ."

"ಬೇಗ ಇಳಿಸಿ. ಆಂಬುಲೆನ್ಸ್ ಬರೋ ದಾರಿ ಇದು."

ಬೇಗ ಎಂಬ ಪದಕ್ಕೂ ದೊಡ್ಡಮ್ಮನ ಮಂಡಿಗೂ ಸಂಬಂಧ ಕಡಿದುಹೋಗಿ ಬಹಳ ಕಾಲವಾಗಿತ್ತು. ಆಕೆ ಕಾರಿನಿಂದ ಇಳಿಯುವುದು ಕಂತುಗಳಲ್ಲಿ. ಮೊದಲು ಚೀಲ ಹೆಗಲಿಗೆ, ನಂತರ ಬಲಗಾಲು ಹೊರಗೆ, ಆಮೇಲೆ ಒಂದು ನಿಟ್ಟುಸಿರು. ಎಡಗಾಲಿನ ಸರದಿ ಬರುವ ಮೊದಲೇ ಹಿಂದಿನಿಂದ ಹಾರನ್‌ಗಳ ಮೇಳ ಶುರುವಾಯಿತು. ಕಾವಲುಗಾರ "ತೆಗೀರಿ, ತೆಗೀರಿ" ಎಂದು ಬಾನೆಟ್ಟು ಬಡಿದ. ದೊಡ್ಡಮ್ಮ ಬಲಗಾಲನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು.

"ಮುಂದಿನ ಸ್ಟಾಪಲ್ಲಿ ಇಳಿಯೋಣ ನಡಿ," ಎಂದಳು.

ಒಂದು ಸುತ್ತು ಹೊಡೆದರು. ಔಷಧಿ ಅಂಗಡಿಯ ಮುಂದೆ ಒಂದು ಜಾಗ ಕಂಡಿತು, ಅದರೊಳಗೆ ಒಂದು ಸ್ಕೂಟರು ಅಡಗಿ ಕೂತಿತ್ತು. ಎರಡನೇ ಸುತ್ತು. ಒಬ್ಬಾತ ಕಾರಿನೊಳಗೆ ಕೂತು ಬೀಗದಕೈ ತಿರುಗಿಸಿದ. ಸರ್ವೇಯರ್ ಇಂಡಿಕೇಟರ್ ಹಾಕಿ ಭಕ್ತಿಯಿಂದ ಕಾದ. ಆತ ಎಂಜಿನ್ ಶುರು ಮಾಡಿ, ಹಾಡು ಹಾಕಿಕೊಂಡು, ಸೀಟು ಹಿಂದಕ್ಕೆ ವಾಲಿಸಿ ಕಣ್ಣು ಮುಚ್ಚಿದ. ಮೂರನೇ ಸುತ್ತಿಗೆ ಕಾವಲುಗಾರ ಪರಿಚಯದವನಂತೆ ಕೈ ಬೀಸತೊಡಗಿದ.

"ಡಾಕ್ಟ್ರು ಊಟಕ್ಕೆ ಎದ್ದುಬಿಡ್ತಾರೆ ಕಣೋ," ಎಂದಳು ದೊಡ್ಡಮ್ಮ. ಆಕೆಯ ದನಿ ಸಣ್ಣಗಾಗಿತ್ತು. "ಹೋಗ್ಲಿ ಬಿಡು. ಮನೆಗೆ ನಡಿ. ಇಷ್ಟು ದಿನ ಇರ್ಲಿಲ್ವಾ."

"ಸುಮ್ನಿರು ದೊಡ್ಡಮ್ಮ. ಅಲ್ಲಿ ನೋಡು!"

ಆಸ್ಪತ್ರೆಯ ಕಟ್ಟಡದ ಎದುರಿಗೇ, ಕ್ಷೌರದಂಗಡಿಯ ಮುಂದೆ ಒಂದು ಸಂದು. ಆಚೆಗೊಂದು ವ್ಯಾನು, ಈಚೆಗೊಂದು ಕಾರು, ನಡುವೆ ಹೂಕುಂಡಗಳ ಸಾಲು. ಸರ್ವೇಯರ್ ಒಂದು ಕಣ್ಣು ಮುಚ್ಚಿ ಅಳೆದ.

"ಹಿಡಿಯುತ್ತೆ. ಹಿಂದೆ ಮುಂದೆ ಒಂದೊಂದು ಗೇಣು ಉಳಿಯುತ್ತೆ. ನನ್ನ ಕಣ್ಣು ಸುಳ್ಳು ಹೇಳಲ್ಲ."

ಆತ ಇಳಿದು ಮೊದಲ ಕುಂಡಕ್ಕೆ ಕೈ ಹಾಕುತ್ತಲೇ ಕ್ಷೌರಿಕ ಹೊರಗೆ ನೆಗೆದ. ಹಿಂದೆಯೇ, ಒಂದು ಕೆನ್ನೆಯ ಮೇಲೆ ಮಾತ್ರ ನೊರೆ ಉಳಿದಿದ್ದ ಗಿರಾಕಿಯೂ ಬಂದ.

"ಮುಟ್ಬೇಡಿ! ಅದು ನನ್ನ ಗಿರಾಕಿಗಳ ಜಾಗ."

"ನಾನೂ ಗಿರಾಕಿನೇ."

ಕ್ಷೌರಿಕ ಆತನ ನುಣ್ಣನೆಯ ತಲೆಯನ್ನು ಒಂದು ಸುತ್ತು ಪರಿಶೀಲಿಸಿದ. "ನನಗಿಲ್ಲಿ ಕೆಲಸವೇ ಕಾಣ್ತಾ ಇಲ್ವಲ್ಲ."

"ಮೀಸೆ ಇದೆಯಲ್ಲ! ಡಾಕ್ಟ್ರ ಹತ್ರ ಹೋಗಿ ಬಂದು ಮೀಸೆ ಒಪ್ಪಿಸ್ತೀನಿ. ಪಾಪ, ವಯಸ್ಸಾದವರು ಕಾರಲ್ಲಿದ್ದಾರೆ."

ಕ್ಷೌರಿಕ ಕಾರಿನೊಳಗೆ ಇಣುಕಿದ, ಕರಗಿದ, ತಾನೇ ಕುಂಡಗಳನ್ನು ಎತ್ತಿಡತೊಡಗಿದ. ಸರ್ವೇಯರ್ ಗೆದ್ದವನಂತೆ ಸೀಟಿಗೆ ಹಾರಿ ರಿವರ್ಸ್ ಗೇರು ಹಾಕಿದ. ಆಗ ಬಂತು ನೋಡಿ ಸಹಾಯದ ಮಹಾಪೂರ.

"ಎಡಕ್ಕೆ ತಿರುಗಿಸಿ ಸಾರ್!" ಎಂದ ಕ್ಷೌರಿಕ.

"ಬಲಕ್ಕೆ, ಬಲಕ್ಕೆ!" ಎಂದ ನೊರೆಯ ಗಿರಾಕಿ.

"ಹಾಗಲ್ಲ, ಮೊದ್ಲು ಮುಂದೆ ಹೋಗಿ!" ಎಂದು ರಸ್ತೆಯಾಚೆಯಿಂದ ಕೂಗಿದ ಕಾವಲುಗಾರ.

ಸರ್ವೇಯರ್ ಮೂವರ ಮಾತನ್ನೂ ಕೇಳಿದ. ಕಾರು ಸಂದಿಗೆ ಅಡ್ಡಡ್ಡ ನಿಂತು ರಸ್ತೆ ಕಟ್ಟಿಕೊಂಡಿತು. ಮುಂದೆ ಹೋದರೆ ವ್ಯಾನು, ಹಿಂದೆ ಬಂದರೆ ಕುಂಡ. ಎರಡೂ ಕಡೆ ವಾಹನಗಳ ಸಾಲು ಬೆಳೆಯಿತು. ಆತನ ನುಣ್ಣನೆಯ ತಲೆಯ ಮೇಲೆ ಬೆವರು ಸಾಲುಗಟ್ಟಿತು.

ಹಿಂದಿನ ಬಾಗಿಲು ಧಡಾರನೆ ತೆರೆದುಕೊಂಡಿತು.

ಈ ಸಲ ಕಂತುಗಳಿರಲಿಲ್ಲ. ದೊಡ್ಡಮ್ಮ ಒಂದೇ ಏಟಿಗೆ ಇಳಿದಳು. ವಾಕರ್ ಡಿಕ್ಕಿಯಲ್ಲೇ ಇತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಚೀಲದಿಂದ ಸೀಟಿ ತೆಗೆದು ಊದಿದಳು. ಇಡೀ ಬೀದಿ ಕಪ್ಪೆಚಿಪ್ಪಿನಂತೆ ಬಾಯಿ ಮುಚ್ಚಿಕೊಂಡಿತು.

"ಏಯ್ ವ್ಯಾನು, ಎರಡಡಿ ಮುಂದೆ ಹೋಗು! ಏಯ್ ನೊರೆ, ಪಕ್ಕಕ್ಕೆ ನಿಲ್ಲು!" ಎಂದು ದಾಪುಗಾಲಿಟ್ಟು ಕಾರಿನ ಹಿಂದಕ್ಕೆ ಹೋದಳು, ಮುಂದಕ್ಕೆ ಬಂದಳು, ಬಗ್ಗಿ ಚಕ್ರ ನೋಡಿದಳು, ಬೆನ್ನಿಗೆ ಎರಡು ಏಟು ಕೊಟ್ಟಂತೆ ಡಿಕ್ಕಿ ತಟ್ಟಿದಳು. "ಫುಲ್ ಕಟ್ ಮಾಡು ಮಗನೇ... ಬರ್ಲಿ, ಬರ್ಲಿ, ಬರ್ಲಿ... ಸ್ಟೇರಿಂಗ್ ನೆಟ್ಟಗೆ ಮಾಡು... ಬರ್ಲಿ... ಹೋಲ್ಡಾನ್!"

ಕೊನೆಯ ಸೀಟಿ ಮೊಳಗುವಾಗ ಕಾರು ಸಂದಿನೊಳಗೆ ಪೆಟ್ಟಿಗೆಯೊಳಗಿನ ಚಪ್ಪಲಿಯಂತೆ ಕೂತಿತ್ತು. ಹಿಂದೊಂದು ಗೇಣು, ಮುಂದೊಂದು ಗೇಣು.

"ಹೇಳಿರಲಿಲ್ವಾ ನಾನು!" ಎಂದು ಸರ್ವೇಯರ್ ಸಂಭ್ರಮದಿಂದ ಹೊರಗೆ ಹಾರಿದ. ಅದೇ ಹೊತ್ತಿಗೆ, ಸೀಟಿಗೆ ಬೆಚ್ಚಿದ್ದ ಕ್ಷೌರಿಕನ ಕೈಯಿಂದ ಕೊನೆಯ ಹೂಕುಂಡ ಜಾರಿತು. ಅದು ಸರ್ವೇಯರನ ಬಲಪಾದದ ಮೇಲೆ ಇಳಿಯಿತು.

ಆಸ್ಪತ್ರೆಯ ಲಿಫ್ಟಿನಿಂದ ಎರಡು ಗಾಲಿಕುರ್ಚಿಗಳು ಹೊರಬಂದವು. ಒಂದರಲ್ಲಿ ಮಂಡಿ ಒತ್ತಿಕೊಂಡು ನರಳುವ ದೊಡ್ಡಮ್ಮ. ಆವೇಶ ಇಳಿದ ಮೇಲೆ ಆಕೆಯ ಮಂಡಿಗಳು ಬಡ್ಡಿಸಮೇತ ಸೇಡು ತೀರಿಸಿಕೊಳ್ಳುತ್ತಿದ್ದವು. ಇನ್ನೊಂದರಲ್ಲಿ ಪಾದ ಹಿಡಿದುಕೊಂಡ ಸರ್ವೇಯರ್. ಡಾಕ್ಟರು ಊಟಕ್ಕೆ ಏಳುವುದರಲ್ಲಿದ್ದರು. ಇವರನ್ನು ಕಂಡು ಮತ್ತೆ ಕೂತರು.

"ಬನ್ನಿ ಅಮ್ಮ, ಬನ್ನಿ! ಇಷ್ಟು ವರ್ಷದಲ್ಲಿ ಈ ಬೀದೀಲಿ ಅಷ್ಟು ಚೆನ್ನಾಗಿ ಕಾರು ಪಾರ್ಕ್ ಮಾಡ್ಸಿದವರನ್ನ ನಾನು ನೋಡೇ ಇಲ್ಲ."

ಸರ್ವೇಯರ್ ನೋವಿನಲ್ಲೂ ಉಬ್ಬಿದ. "ನಮ್ಮ ದೊಡ್ಡಮ್ಮ ಅಂದ್ರೆ ಏನನ್ಕೊಂಡ್ರಿ ಡಾಕ್ಟ್ರೇ!" ಎಂದವನ ಕಣ್ಣು ಡಾಕ್ಟರ ಬೆನ್ನ ಹಿಂದಿನ ಕಿಟಕಿಗೆ ಬಿತ್ತು. ಕಿಟಕಿಯಾಚೆ ಕ್ಷೌರದಂಗಡಿ, ಅದರ ಮುಂದೆ ತನ್ನದೇ ಕಾರು. ಉಬ್ಬಿದ್ದು ಇಳಿಯಿತು.

"ಕಾರ್ಡ್ ಕೊಡೋಕೆ ಮುಂಚೆ ನಡಿಗೆ ಪರೀಕ್ಷೆ ಮಾಡ್ಬೇಕು," ಎಂದರು ಡಾಕ್ಟರು ಸಂಕೋಚದಿಂದ. "ಅದು ಆಗಿಹೋಯ್ತಲ್ಲ. ನಡೆದ್ರಿ, ಬಗ್ಗಿದ್ರಿ, ಎದ್ರಿ. ಒಂದು ಸಲ ಓಡಿದ್ರಿ ಕೂಡ."

"ಸೀಟಿ ಬಾಯಲ್ಲಿದ್ರೆ ನಂಗೆ ಮಂಡಿ ನೆನಪಾಗಲ್ಲ ಡಾಕ್ಟ್ರೇ," ಎಂದಳು ದೊಡ್ಡಮ್ಮ. "ಈಗ ನೋಡಿ, ಏಳೋಕೂ ಆಗ್ತಿಲ್ಲ."

"ನಿಮ್ಮ ನೋವು ಸುಳ್ಳು ಅನ್ನಲ್ಲಮ್ಮ. ಆದ್ರೆ ಕಣ್ಣಾರೆ ಕಂಡದ್ದನ್ನ ಕಾಣ್ಲಿಲ್ಲ ಅಂತ ಸಹಿ ಹಾಕೋದು ಹೇಗೆ? ಮುಂದಿನ ತಿಂಗಳು ಬನ್ನಿ. ಸೀಟಿ ಮನೇಲಿಟ್ಟು ಬನ್ನಿ."

ದೊಡ್ಡಮ್ಮ ಚೀಲದ ಜಿಪ್ಪನ್ನು ಎಳೆದುಕೊಂಡಳು. ಸರ್ವೇಯರನಿಗೆ ಅಳುವೇ ಬಂದಂತಾಯಿತು. ತನ್ನ ಕಣ್ಣಳತೆಯ ಜಂಬ ಇಲ್ಲದಿದ್ದರೆ ಆಕೆ ಇಳಿಯುತ್ತಲೇ ಇರಲಿಲ್ಲ ಎಂದು ಆತನಿಗೆ ಗೊತ್ತಿತ್ತು.

ಡಾಕ್ಟರು ಆತನ ಪಾದವನ್ನು ಒತ್ತಿ ನೋಡಿದರು. ಆತನ ಕೂಗಿಗೆ ಹೊರಗೆ ಕಾಯುತ್ತಿದ್ದವರು ಎದ್ದು ನಿಂತರು. ಎಕ್ಸ್‌ರೇ ಆಯಿತು, ಮೂಳೆ ಬಿರುಕು ಬಿಟ್ಟಿದೆ ಎಂದಾಯಿತು, ಪಟ್ಟಿ ಬಿತ್ತು.

"ನಿಮಗೆ ಮಾತ್ರ ಯಾವ ತಕರಾರೂ ಇಲ್ಲ," ಎಂದರು ಡಾಕ್ಟರು ಖುಷಿಯಿಂದ. "ತಾತ್ಕಾಲಿಕ ಕಾರ್ಡ್ ಈಗ್ಲೇ ಕೊಡ್ತೀನಿ."

ಕ್ಯಾಮೆರಾ ಮಿನುಗಿತು. ಮೀಸೆಯ ಫೋಟೋ ಇರುವ ನೀಲಿ ಕಾರ್ಡು ಬೆಚ್ಚಗೆ ಕೈಗೆ ಬಂತು.

"ದೊಡ್ಡಮ್ಮ! ಕಾರ್ಡು!" ಎಂದು ಸರ್ವೇಯರ್ ಕುರ್ಚಿಯಲ್ಲೇ ಕುಣಿದ. "ಯಾರ ಹೆಸರಲ್ಲಿದ್ರೇನು? ಸಂಜೆ ಚಹಾದಂಗಡಿ ಬಾಗಿಲಿಗೇ ಕಾರು!"

"ಹಾಂ, ಒಂದು ಮಾತು," ಎಂದರು ಡಾಕ್ಟರು. "ಈ ಕಾಲಲ್ಲಿ ಬ್ರೇಕ್ ಒತ್ತೋ ಹಾಗಿಲ್ಲ. ಪಟ್ಟಿ ಬಿಚ್ಚೋವರೆಗೂ ಡ್ರೈವಿಂಗ್ ಬಂದ್."

ಫೋನು ಮಾಡಿದ ಅರ್ಧ ಗಂಟೆಯೊಳಗೆ ಮೇಷ್ಟ್ರು ಟ್ಯಾಕ್ಸಿಯಲ್ಲಿ ಹಾಜರಾದರು, ಡ್ರೈವಿಂಗ್ ಲೈಸೆನ್ಸು ಜೇಬಿನಲ್ಲಿ, ಕೂಲಿಂಗ್ ಗ್ಲಾಸು ಕಣ್ಣಿನ ಮೇಲೆ. ಅಷ್ಟರಲ್ಲಿ, ಮೀಸೆ ಒಪ್ಪಿಸುವುದಾಗಿ ಸರ್ವೇಯರ್ ಕೊಟ್ಟಿದ್ದ ಮಾತನ್ನು ನೆನಪಿಸಿ ಕ್ಷೌರಿಕ ಅವನನ್ನು ತನ್ನ ಅಂಗಡಿಯ ಕುರ್ಚಿಗೆ ಏರಿಸಿದ್ದ. ಕುಂಡ ಬೀಳಿಸಿದ ಪಶ್ಚಾತ್ತಾಪಕ್ಕೆ ಆತನ ಕೈ ಇನ್ನೂ ನಡುಗುತ್ತಿತ್ತು. ಎಡಗಡೆ ಸ್ವಲ್ಪ ಹೆಚ್ಚು ಹೋಯಿತು, ಅದಕ್ಕೆ ಸರಿಯಾಗಿ ಬಲಗಡೆ ತೆಗೆದ, ಆಮೇಲೆ ಮತ್ತೆ ಎಡಗಡೆ. ಕಾರು ಹತ್ತುವಾಗ ಸರ್ವೇಯರನ ಮೂಗಿನ ಕೆಳಗೆ ಏನೂ ಉಳಿದಿರಲಿಲ್ಲ.

ಸಂಜೆ ಕಾರು ಚಹಾದಂಗಡಿಯ ಬಾಗಿಲಲ್ಲಿ, ನೀಲಿ ಚಿತ್ರದ ಮೇಲೆ ನಿಂತಿತು. ಪಾರ್ಕಿಂಗ್ ನೋಡಿಕೊಳ್ಳುವವ ಬಂದು ಕಾರ್ಡು ನೋಡಿದ, ಸರ್ವೇಯರನನ್ನು ನೋಡಿದ.

"ಇದ್ರಲ್ಲಿ ಮೀಸೆ ಇದೆ."

"ಮಧ್ಯಾಹ್ನದವರೆಗೂ ಇತ್ತು."

"ಎಲ್ರೂ ಹೀಗೇ ಕಥೆ ಹೇಳ್ತಾರೆ. ಪಟ್ಟಿ ನೋಡಿ ಬಿಡ್ತಿದ್ದೀನಿ. ಆದ್ರೆ ನೀವು ಕಾರಲ್ಲೇ ಕೂತಿರ್ಬೇಕು. ಇಳಿದು ಹೋದ್ರೋ, ಕಾರು ಎತ್ತಿಸ್ತೀನಿ."

ದೊಡ್ಡಮ್ಮ ವಾಕರ್ ಹಿಡಿದು ನಾಲ್ಕೇ ಹೆಜ್ಜೆಯಲ್ಲಿ ಒಳಗೆ ಹೋದಳು. ಒಳಗಿನಿಂದ ಎದ್ದ ಹೋ ಎನ್ನುವ ಕೂಗು ಬೀದಿಯ ತುದಿಗೆ ಕೇಳಿತು. ಕಾರಿನೊಳಗೆ ಸರ್ವೇಯರನ ಎದೆ ತುಂಬಿ ಬಂತು. ಹೇಳಿದ ಮಾತು ನಡೆಸಿಕೊಟ್ಟಿದ್ದ.

"ಆಹಾ, ಏನು ಜಾಗ!" ಎಂದು ಮೇಷ್ಟ್ರು ಬೀಗದಕೈ ಜೇಬಿಗಿಳಿಸಿಕೊಂಡರು. "ನಂಗೂ ಮಾರ್ಕೆಟ್ಟಲ್ಲಿ ನಾಲ್ಕೈದು ಕೆಲಸ ಇದೆ. ಹಾಂ, ನಾಳೆ ಮಹಡಿ ಮನೆಯವ್ರು ಬಟ್ಟೆ ಅಂಗಡಿಗೆ ಹೋಗ್ಬೇಕಂತೆ. ನಾಡಿದ್ದು ಮೂಲೆಮನೆಯವ್ರು ಕಣ್ಣಿನ ಡಾಕ್ಟ್ರ ಹತ್ರ. ನಾನು ಹೂಂ ಅಂದ್ಬಿಟ್ಟಿದ್ದೀನಿ. ಡ್ರೈವಿಂಗ್ ನಂದು. ನಿಮಗೇನೂ ತೊಂದರೆ ಇಲ್ಲ, ಸುಮ್ನೆ ಕೂತಿದ್ರೆ ಸಾಕು."

ಉತ್ತರಕ್ಕೆ ಕಾಯದೆ ಅವರು ಜನಜಂಗುಳಿಯಲ್ಲಿ ಕರಗಿಹೋದರು.

ಚಹಾದ ಪರಿಮಳ ಕಾರಿನೊಳಗೆ ನುಗ್ಗಿತು. ಬೆಳಗಿನಿಂದ ಸರ್ವೇಯರನ ಬಾಯಿಗೆ ಒಂದು ತೊಟ್ಟು ಬಿದ್ದಿರಲಿಲ್ಲ. ಪಾರ್ಕಿಂಗಿನವ ಅತ್ತ ತಿರುಗಿದ್ದ. ಅಂಗಡಿಯ ಬಾಗಿಲು ಎಷ್ಟು ದೂರವೆಂದು ಸರ್ವೇಯರ್ ಒಂದು ಕಣ್ಣು ಮುಚ್ಚಿ ಅಳೆದ. ಕುಂಟಿದರೂ ಹೋಗಿಬರಬಹುದು. ಮೆಲ್ಲನೆ ಬಾಗಿಲು ತೆರೆದು ಪಟ್ಟಿ ಕಟ್ಟಿದ ಕಾಲನ್ನು ಹೊರಗಿಟ್ಟ.

ಅಂಗಡಿಯ ಕಿಟಕಿಯಿಂದ ಸೀಟಿ ಮೊಳಗಿತು.

"ಹೋಲ್ಡಾನ್!" ಎಂದು ಕೂಗಿದಳು ದೊಡ್ಡಮ್ಮ, ಕೈಯಲ್ಲಿ ಹಬೆಯಾಡುವ ಲೋಟ ಹಿಡಿದು. "ಕಾಲು ಒಳಗೆ ತಗೋ ಮಗನೇ! ಕಾರು ಎತ್ತಿಬಿಟ್ಟಾರು!"

ಸರ್ವೇಯರ್ ಕಾಲನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದ.